ಅಜ್ಜಿಯ ಮಾತು, ಶ್ಯಾನುಭಾಗರ ಕಡತ: ಕಾಸರಗೋಡಿನ ಒಂದು ಬೈಲಿನ ಚರಿತ್ರೆ ಬರೆಯುವ ಕ್ರಮ

ನಮ್ಮ ಕಡೆ ಊರಿನ ಚರಿತ್ರೆ ಎಂದರೆ ಬ್ರಹ್ಮಕಲಶದ ಸ್ಮರಣ ಸಂಚಿಕೆಯಲ್ಲಿ ಬರುವ ನಾಲ್ಕು ಪುಟ: ಸ್ಥಳಪುರಾಣ, ಒಂದೆರಡು ದೊಡ್ಡ ಮನೆಗಳ ವಂಶಾವಳಿ, ದಾನಿಗಳ ಪಟ್ಟಿ. ಅದೂ ಬೇಕು. ಆದರೆ ಕಡವಿನಲ್ಲಿ ದೋಣಿ ದಾಟಿಸುತ್ತಿದ್ದವರು, ಗೇಣಿ ಹೊತ್ತುಕೊಂಡು ಹೋಗುತ್ತಿದ್ದ ಒಕ್ಕಲುಗಳು, ಬೀಡಿ ಕಟ್ಟಿ ಮನೆ ನಡೆಸಿದ ಹೆಂಗಸರು, ನೀರಿಗಾಗಿ ಗುಡ್ಡೆಗೆ ಅಡ್ಡಲಾಗಿ ಸುರಂಗ ತೋಡಿದ ಕೆಲಸದವರು ಅದರಲ್ಲಿ ಇರುವುದಿಲ್ಲ. ಅವರ ವಿಷಯ ಕಾಗದದಲ್ಲಿ ಸಿಗುವುದು ಅಪರೂಪ, ನೆನಪಿನಲ್ಲೇ ಸಿಗಬೇಕು. ಆ ನೆನಪು ಇರುವವರಿಗೆ ಈಗ ಎಂಬತ್ತು ದಾಟಿದೆ.

ಇಂಗ್ಲೆಂಡಿನ ಹಳ್ಳಿಯೊಂದರ ಚರಿತ್ರೆ ಬರೆಯುವವರಿಗೆ 1538ರಿಂದ ಚರ್ಚಿನ ಜನನ, ಮದುವೆ, ಮರಣದ ಪುಸ್ತಕಗಳಿವೆ. 1841ರಿಂದ ಮನೆಮನೆಯ ಹೆಸರು ಬರೆದ ಜನಗಣತಿಯ ಹಾಳೆಗಳೂ ನೋಡಲು ಸಿಗುತ್ತವೆ. ಅದೇ ಬ್ರಿಟಿಷರು ಇಲ್ಲಿ ಜನಗಣತಿ ಮಾಡಿದರೂ ನಮ್ಮ ಕೈಗೆ ಸಿಗುವುದು ತಲೆ ಎಣಿಕೆಯ ಮೊತ್ತ ಮಾತ್ರ. ಅಜ್ಜನ ಹೆಸರನ್ನು ಅಲ್ಲಿ ಹುಡುಕಿ ಫಲವಿಲ್ಲ. ಆದ್ದರಿಂದ ಇಲ್ಲಿ ಕೆಲಸದ ಕ್ರಮವೇ ಬೇರೆ. ಮೊದಲು ಮಾತು ಕೇಳಬೇಕು, ಆಮೇಲೆ ಆ ಮಾತಿಗೆ ಕಾಗದದಿಂದ ಇಸವಿ ಹುಡುಕಬೇಕು. ಕಡತ ಹಿಡಿದುಕೊಂಡೇ ಅಜ್ಜಿಯ ಹತ್ತಿರ ಹೋದರೆ ಅವರು ಕಡತದ ಮಾತಿಗೆ ‘ಹೌದು ಹೌದು’ ಎನ್ನುತ್ತಾರೆ, ಅವರದ್ದೇ ಆದದ್ದು ಹೊರಗೆ ಬರುವುದಿಲ್ಲ.

ಎಷ್ಟು ದೊಡ್ಡ ಊರು?

ಇಡೀ ಪಂಚಾಯತು ಹಿಡಿಯಬೇಡಿ. ಒಂದು ಬೈಲು (ಗುಡ್ಡೆಗಳ ನಡುವಿನ ಗದ್ದೆಯ ತಗ್ಗು), ಅದರ ಎರಡು ಬದಿಯ ಗುಡ್ಡೆ, ಮೇಲಿನ ಪದವು (ಗುಡ್ಡೆಯ ಮೇಲಿನ ಸಮತಟ್ಟು) ಇಷ್ಟು ಸಾಕು. ಮೂವತ್ತು ನಲವತ್ತು ಮನೆ. ಮೊದಲ ವಾರ ನಕ್ಷೆ ಮಾಡಿ. ದೊಡ್ಡ ಹಾಳೆಯಲ್ಲಿ ತೋಡು, ಕಟ್ಟ (ತೋಡಿನ ನೀರಿಗೆ ಹಾಕುವ ತಡೆ), ಕಡವು, ಕಟ್ಟೆ, ನಾಗಬನ, ಮಸೀದಿ, ಶಾಲೆ, ಹಳೆಯ ಎತ್ತಿನ ಗಾಡಿಯ ದಾರಿ ಎಲ್ಲವನ್ನೂ ಗುರುತಿಸಿ, ಪ್ರತಿ ಮನೆಗೂ ಒಂದು ನಂಬರು ಕೊಡಿ. ಮನೆತನದ ಹೆಸರು ಒಂದಿರುತ್ತದೆ, ತುಳುವಿನಲ್ಲಿ ಕರೆಯುವುದು ಇನ್ನೊಂದು, ರೇಷನ್ ಕಾರ್ಡಿನಲ್ಲಿ ಮಲಯಾಳದಿಂದ ಬಂದ ಮೂರನೆಯ ರೂಪ. ಎಲ್ಲವನ್ನೂ ಆ ನಂಬರಿನ ಕೆಳಗೆ ಬರೆದಿಡಿ. ಇದನ್ನು ಬಿಟ್ಟರೆ ಆರು ತಿಂಗಳ ನಂತರ ಒಂದೇ ಮನೆ ನಿಮ್ಮ ಟಿಪ್ಪಣಿಯಲ್ಲಿ ಮೂರು ಮನೆಯಾಗಿರುತ್ತದೆ.

ಮಾತು ಕೇಳುವುದು

ಮೊದಲ ಭೇಟಿಯಲ್ಲಿ ರೆಕಾರ್ಡು ಮಾಡಬೇಡಿ. ಕುಳಿತು ಮಾತಾಡಿ, ಯಾಕೆ ಕೇಳುತ್ತೀರಿ ಎಂದು ಹೇಳಿ, ಒಪ್ಪಿಗೆ ಪಡೆದು ಬನ್ನಿ. ಎರಡನೆಯ ಸಲ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಬಾಯಿಯಿಂದ ಒಂದು ಮೊಳ ದೂರದಲ್ಲಿ ಮಡಚಿದ ಬೈರಾಸಿನ (ಟವೆಲಿನ) ಮೇಲೆ ಇಡಿ. ಬರೀ ಮೇಜಿನ ಮೇಲಿಟ್ಟರೆ ಲೋಟ ಇಟ್ಟ ಸದ್ದೂ ಗುಡುಗಿದ ಹಾಗೆ ಕೇಳುತ್ತದೆ. ಫ್ಯಾನು ನಿಲ್ಲಿಸಿ. ಶೀಟಿನ ಮಾಡಿದ್ದರೆ ಮಳೆಗಾಲದಲ್ಲಿ ಹೋಗಲೇಬೇಡಿ. ಆರಂಭದಲ್ಲೇ ತಾರೀಕು, ಮನೆಯ ನಂಬರು, ಮಾತಾಡುವವರ ಹೆಸರು, ಒಪ್ಪಿಗೆಯ ಮಾತು ದಾಖಲಾಗಲಿ. ಅರ್ಧ ನಿಮಿಷ ಪರೀಕ್ಷಿಸಿ ಕೇಳಿ, ಮತ್ತೆ ಮುಂದುವರಿಸಿ. ಒಂದು ಗಂಟೆಗಿಂತ ಹೆಚ್ಚು ಕೂರಿಸಬೇಡಿ. ಅವರಿಗೆ ದಣಿವು, ನಿಮಗೂ ಒಂದು ಗಂಟೆಯ ಮಾತು ಬರೆದಿಳಿಸಲು ಐದಾರು ಗಂಟೆ ಬೇಕು.

ಯಾವ ಭಾಷೆಯಲ್ಲಿ ಅವರು ಬಾಯಿಬಿಟ್ಟು ಮಾತಾಡುತ್ತಾರೋ ಅದರಲ್ಲೇ ಆಗಲಿ: ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ, ಮಲಯಾಳ. ಕನ್ನಡದಲ್ಲೇ ಹೇಳಿ ಎಂದು ಕೇಳಿದರೆ ಭಾಷಣ ಸಿಗುತ್ತದೆ, ನೆನಪು ಸಿಗುವುದಿಲ್ಲ.

‘ಹಿಂದೆ ಊರು ಹೇಗಿತ್ತು ಅಜ್ಜೀ?’ ಎಂದರೆ ‘ಹಿಂದೆ ಎಲ್ಲ ಒಳ್ಳೆಯದಿತ್ತು ಮಗಾ’ ಎಂಬಲ್ಲಿಗೆ ಮುಗಿಯಿತು. ಕೈಗೆ ಸಿಗುವ ವಸ್ತುವಿನಿಂದ ಶುರುಮಾಡಿ: ಶಾಲೆಗೆ ಹೋಗುವಾಗ ಹೊಳೆಯನ್ನು ಎಲ್ಲಿ ದಾಟುತ್ತಿದ್ದಿರಿ? ದೋಣಿಯವರಿಗೆ ದುಡ್ಡೋ ಭತ್ತವೋ? ಗೇಣಿಯ ಮುಡಿ (ಬೈಹುಲ್ಲಿನಲ್ಲಿ ಕಟ್ಟಿದ ಧಾನ್ಯದ ಕಟ್ಟು) ಯಾರು ಕಟ್ಟುತ್ತಿದ್ದರು, ಎಲ್ಲಿ ಇಳಿಸುತ್ತಿದ್ದರು, ಅಂಗಳದಲ್ಲಿ ನಿಲ್ಲುತ್ತಿದ್ದರೋ ಜಗಲಿಗೆ ಬರುತ್ತಿದ್ದರೋ? ಈ ಕೊನೆಯ ಪ್ರಶ್ನೆಯೊಂದರಲ್ಲಿ ಜಾತಿಯ ಲೆಕ್ಕವೂ ಬಂದುಬಿಡುತ್ತದೆ, ನೇರವಾಗಿ ಕೇಳಿ ಮುಜುಗರ ಮಾಡಬೇಕಿಲ್ಲ.

ಜಗಲಿಯಲ್ಲಿ ಗಂಡಸರು ಕೂತಿದ್ದರೆ ಹೆಂಗಸರು ಮಾತಾಡುವುದಿಲ್ಲ. ಅವರನ್ನು ಬೇರೆಯೇ ಕೇಳಬೇಕು. ಯಾವ ಮಗು ಯಾವ ಮಳೆಗಾಲದಲ್ಲಿ ಹುಟ್ಟಿತು, ಅಕ್ಕಿ ಇಲ್ಲದ ದಿನ ಏನು ಬೇಯಿಸಿದರು ಎಂಬುದೆಲ್ಲ ಅವರಲ್ಲೇ ಇರುತ್ತದೆ. ಇಸವಿ ಕಟ್ಟುವಾಗ ಈ ಮಕ್ಕಳ ಸಾಲೇ ದೊಡ್ಡ ಆಧಾರ.

ಬರೆದಿಳಿಸುವಾಗ ಪ್ರತಿ ಸಂಗತಿಯ ಪಕ್ಕ ಮೂರರಲ್ಲೊಂದು ಗುರುತು ಹಾಕಿ: ಕಂಡದ್ದು, ಕೇಳಿದ್ದು, ಊಹಿಸಿದ್ದು. 1940ರಲ್ಲಿ ಹುಟ್ಟಿದವರು ರೈಲು ಬಂದ ಕಥೆಯನ್ನು ಎಷ್ಟೇ ಬಣ್ಣಕಟ್ಟಿ ಹೇಳಿದರೂ ಅದು ಕೇಳಿದ್ದೇ. ಹಳಿ ಮಂಗಳೂರು ಮುಟ್ಟಿದ್ದು 1907ರಲ್ಲಿ.

ಇಸವಿ ಕಟ್ಟುವುದು

ಹೆಚ್ಚಿನ ತಪ್ಪು ಆಗುವುದು ಇಲ್ಲಿಯೇ. ಯಾರೂ ಇಸವಿ ನೆನಪಿಟ್ಟುಕೊಳ್ಳುವುದಿಲ್ಲ. ಯಾವುದರ ಮೊದಲು, ಯಾವುದರ ನಂತರ ಎಂಬುದು ಮಾತ್ರ ಗಟ್ಟಿ ನೆನಪಿರುತ್ತದೆ. ಆದ್ದರಿಂದ ಖಚಿತವಾಗಿ ಗೊತ್ತಿರುವ ಘಟನೆಗಳನ್ನು ಗೂಟದ ಹಾಗೆ ಊರಿಕೊಂಡು ಅದರ ಹಿಂದೆ ಮುಂದೆ ಕೇಳಬೇಕು. ನಮ್ಮ ಕಡೆಗೆ ಸಲ್ಲುವವು: 1916ರಲ್ಲಿ ಕಾಸರಗೋಡಿನ ತೆಂಗು ಸಂಶೋಧನಾ ಕೇಂದ್ರ, 1923 ಮತ್ತು 1924ರ ನೆರೆಗಳು, 1941ರ ಕಯ್ಯೂರು ರೈತ ಹೋರಾಟದ ಘಟನೆ, 1942ರಲ್ಲಿ ಬರ್ಮಾ ಜಪಾನಿನ ಕೈಗೆ ಹೋಗಿ ರಂಗೂನು ಅಕ್ಕಿ ನಿಂತದ್ದು, 1956ರ ನವೆಂಬರ 1ರಂದು ಕೇರಳಕ್ಕೆ ಸೇರಿದ್ದು, 1957ರ ಏಪ್ರಿಲಿನಲ್ಲಿ ಆಣೆ ಹೋಗಿ ನಯಾ ಪೈಸೆ ಬಂದದ್ದು, 1970ರ ಜನವರಿ 1ರಿಂದ ಗೇಣಿ ಪದ್ಧತಿ ರದ್ದಾದದ್ದು, 1974ರ ನೆರೆ, 1984ರ ಮೇ 24ರಂದು ಜಿಲ್ಲೆಯಾದದ್ದು. ‘ಅಣ್ಣನ ಮದುವೆಗೆ ಉಡುಗೊರೆ ಬಂದದ್ದು ಆಣೆಯಲ್ಲೋ ಪೈಸೆಯಲ್ಲೋ?’ ಎಂದರೆ ಹತ್ತು ವರ್ಷದ ಗೊಂದಲ ಕ್ಷಣದಲ್ಲಿ ತೀರುತ್ತದೆ. ಆಣೆಯ ಲೆಕ್ಕ ಸ್ವಲ್ಪ ಕಾಲ ಜನರ ಬಾಯಲ್ಲಿ ಉಳಿದಿತ್ತು ಎಂಬುದು ಮಾತ್ರ ನೆನಪಿರಲಿ.

‘ದೊಡ್ಡ ಬೊಳ್ಳ (ನೆರೆ) ಬಂದ ವರ್ಷ’ ಎಂದರೆ ಯಾವುದು? ನೇತ್ರಾವತಿಯ ಬದಿಯಿಂದ ಮದುವೆಯಾಗಿ ಬಂದವರು ಹೇಳುವುದು 1923ರ ಮಾರಿಬೊಳ್ಳ ಇರಬಹುದು. ತೆಂಕಣ ಮಲಯಾಳದ ನೆಂಟಸ್ತಿಕೆ ಇರುವ ಮನೆಯವರು ‘ತೊಂಬತ್ತೊಂಬತ್ತರ ವೆಳ್ಳ’ ಎಂದರೆ ಮಲಯಾಳ ಪಂಚಾಂಗದ ಕೊಲ್ಲವರ್ಷ 1099, ಅಂದರೆ 1924ರ ಜುಲೈ. ಸಂವತ್ಸರ ಗೊತ್ತಿದ್ದರೆ ಕೇಳಿ: ಮೊದಲನೆಯದು ರುಧಿರೋದ್ಗಾರಿ, ಎರಡನೆಯದು ರಕ್ತಾಕ್ಷಿ. ಸಂವತ್ಸರ ಅರವತ್ತು ವರ್ಷಕ್ಕೆ ಮರಳಿ ಬರುತ್ತದೆ, 1983ರಲ್ಲೂ ರುಧಿರೋದ್ಗಾರಿಯೇ. ಆದ್ದರಿಂದ ಸಂವತ್ಸರವೊಂದನ್ನೇ ನಂಬಿ ಇಸವಿ ಬರೆಯಬೇಡಿ.

ಕಾಗದದಲ್ಲಿ ಬರುವ ಲೆಕ್ಕಗಳು ಹೀಗೆ. ಇಸವಿ ಸಿಗಲು ಫಸಲಿಗೆ, ಅಂದರೆ ಕಂದಾಯದ ಲೆಕ್ಕದ ವರ್ಷಕ್ಕೆ, 590 ಕೂಡಿಸಿ: 1310ನೇ ಫಸಲಿ ಎಂದರೆ 1900ರ ಜುಲೈಯಿಂದ 1901ರ ಜೂನ್. ಶಕವರ್ಷಕ್ಕೆ 78. ಕೊಲ್ಲವರ್ಷಕ್ಕೆ ಸಿಂಹ ಮಾಸದಿಂದ, ಅಂದರೆ ನಮ್ಮ ಸೋಣದಿಂದ, ಡಿಸೆಂಬರಿನವರೆಗೆ 824, ಜನವರಿಯಿಂದಾಚೆ 825. ಉತ್ತರ ಮಲಬಾರಿನ ಹಳೆಯ ಕಾಗದಗಳಲ್ಲಿ ವರ್ಷ ಕನ್ಯಾ ಮಾಸಕ್ಕೆ ಬದಲಾಗುತ್ತದೆ. ಸಿಂಹ ಮಾಸದ ತಾರೀಕು ಬಂದರೆ ಒಂದು ವರ್ಷದ ವ್ಯತ್ಯಾಸ ಆದೀತು, ಎರಡು ಸಲ ನೋಡಿ. ಗೇಣಿ ಚೀಟಿನಲ್ಲಿ ಮುಡಿ ಎಂದಿದ್ದರೆ ರೂಢಿಯಲ್ಲಿ 3 ಕಳಸೆ, 42 ಸೇರು. ಆದರೂ ಆ ಮನೆಯ ಸೇರು ಯಾವ ಅಳತೆಯದು ಎಂದು ಕೇಳಿಕೊಳ್ಳಿ.

ಶಾಲೆಯ ದಾಖಲಾತಿ ಪುಸ್ತಕದ ಜನ್ಮದಿನವನ್ನು ಕಣ್ಣುಮುಚ್ಚಿ ನಂಬಬೇಡಿ. ಸೇರಿಸುವ ದಿನ ಮಾಸ್ತರರು ಮಗುವಿನ ಎತ್ತರ ನೋಡಿ ಅಂದಾಜಿಗೆ ಬರೆದದ್ದು ತುಂಬ ಇದೆ. ಜಾತಕ ಇದ್ದರೆ ಅದು ವಾಸಿ. ಆದರೆ ಆ ಪುಸ್ತಕದಲ್ಲಿ ತಂದೆಯ ಕಸುಬು, ಮನೆ, ಶಾಲೆ ಬಿಟ್ಟ ವರ್ಷ ಸಿಗುತ್ತದೆ. ಒಂದೇ ವರ್ಷ ಹಲವು ಮಕ್ಕಳು ಬಿಟ್ಟಿದ್ದರೆ ಆ ವರ್ಷ ಊರಿಗೆ ಏನಾಯಿತು ಎಂದು ಕೇಳಲೇಬೇಕು.

ಕಡತ ಎಲ್ಲಿ?

ಹುಡುಕುವಾಗ ಯಾವ ಕಾಲಕ್ಕೆ ಊರು ಯಾವ ಆಡಳಿತದಲ್ಲಿತ್ತು ಎಂಬುದು ಗೊತ್ತಿರಬೇಕು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಬ್ರಿಟಿಷರ ಕೆನರಾ ಜಿಲ್ಲೆ. ಆಗಿನ ಕಾಗದಗಳಲ್ಲಿ ತಾಲ್ಲೂಕಿನ ಹೆಸರು ಬೇಕಲ, ಕಾಸರಗೋಡು ತಾಲ್ಲೂಕು ಎಂಬುದು ಆಮೇಲಿನದು. 1956ರವರೆಗೆ ಮದ್ರಾಸಿನ ಕೆಳಗಿನ ದಕ್ಷಿಣ ಕನ್ನಡ, 1957ರಿಂದ ಕಣ್ಣೂರು ಜಿಲ್ಲೆ. ಆದ್ದರಿಂದ 1951ರ ಜನಗಣತಿಯಲ್ಲಿ ನಿಮ್ಮ ಊರನ್ನು ದಕ್ಷಿಣ ಕನ್ನಡದಲ್ಲಿ ನೋಡಬೇಕು, 1961ರದ್ದನ್ನು ಕಣ್ಣೂರಿನಲ್ಲಿ. ಜಿಲ್ಲೆಯ ಹಳೆಯ ಕಡತಗಳು ಚೆನ್ನೈ ಎಗ್ಮೋರಿನ ತಮಿಳುನಾಡು ಆರ್ಕೈವ್ಸಿನಲ್ಲೂ ಇವೆ. ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಕಾಗದಗಳಿಗೆ ಮಂಗಳೂರು ಬಲ್ಮಠದ ಥಿಯಾಲಜಿಕಲ್ ಕಾಲೇಜು. ಕಂಪೆನಿ ಸರಕಾರದ ಪರವಾಗಿ ಊರೂರು ನೋಡಿ ವರದಿ ಬರೆದ ಬುಕನನ್ 1801ರ ಆರಂಭದಲ್ಲಿ ಚಂದ್ರಗಿರಿ ದಾಟಿ ಮಂಜೇಶ್ವರದ ಮೇಲೆ ಹೋದಾಗ ಬರೆದದ್ದನ್ನೂ 1894ರ ಜಿಲ್ಲಾ ಕೈಪಿಡಿಯನ್ನೂ ಓದಿ. ಬೆಳೆ, ದರ, ದಾರಿ, ಕಂದಾಯಕ್ಕೆ ಅವು ಉಪಕಾರಿ. ಜನರ ಬಗ್ಗೆ ಬರೆದದ್ದು ಹಾಗಲ್ಲ. ಅದು ಸಾಹೇಬರಿಗೆ ಪಟೇಲರೋ ಶ್ಯಾನುಭಾಗರೋ ದುಭಾಷಿಯ ಮೂಲಕ ಹೇಳಿದ್ದು. ಒಕ್ಕಲಿನ ಬಾಯಿಯಿಂದ ಬಂದದ್ದಲ್ಲ.

ವಿಲೇಜ್ ಆಫೀಸಿಗೂ ಸಬ್ ರಿಜಿಸ್ಟ್ರಾರ್ ಆಫೀಸಿಗೂ ಸರ್ವೆ ನಂಬರು ಇಲ್ಲದೆ ಹೋದರೆ ಕೆಲಸವಾಗದು. ಮರುಸರ್ವೆಯಾದ ಊರಿನಲ್ಲಿ ಹಳೆಯ ನಂಬರು ಬೇರೆ, ಈಗಿನದು ಬೇರೆ. ಎರಡನ್ನೂ ಹೊಂದಿಸುವ ಪಟ್ಟಿ ಕೇಳಿ. ಹಳೆಯ ಆಧಾರಗಳಲ್ಲಿ ವರ್ಗ (ಸ್ವಂತ ಪಟ್ಟೆಯ ಜಾಗ), ಮೂಲಗೇಣಿ, ಚಾಲಗೇಣಿ, ಕುಮ್ಕಿ (ವರ್ಗಕ್ಕೆ ತಾಗಿದ, ಸೊಪ್ಪು ಸೌದೆಗೆ ಬಳಸುವ ಸರಕಾರಿ ಜಾಗ) ಎಂದು ಬರುತ್ತದೆ. ಮೂಲಗೇಣಿ ಶಾಶ್ವತ, ಚಾಲಗೇಣಿ ಧಣಿಯ ಮರ್ಜಿಯದು. ಇವೆರಡನ್ನು ಅದಲು ಬದಲು ಬರೆದರೆ ಊರಿನ ಅರ್ಧ ಚರಿತ್ರೆ ತಲೆಕೆಳಗಾಗುತ್ತದೆ.

ಹೆಂಚು ಮತ್ತು ಸುರಂಗ

ಮನೆಯ ವಯಸ್ಸು ಹೇಳಲು ಹೆಂಚಿನ ಮುದ್ರೆ ನೋಡುವುದು ರೂಢಿ. ಬಾಸೆಲ್ ಮಿಷನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಹಾಕಿದ್ದು 1865ರಲ್ಲಿ. ಹೆಂಚಿನ ಮೇಲೆ 1865 ಎಂದು ಕಂಡ ಕೂಡಲೇ ಮನೆಯೂ ಆ ವರ್ಷದ್ದು ಎಂದು ಬರೆಯುವವರಿದ್ದಾರೆ. ಅದು ಕಾರ್ಖಾನೆ ಶುರುವಾದ ವರ್ಷ. ಆ ಮುದ್ರೆ ಮುಂದೆಯೂ ಬಹುಕಾಲ ಒತ್ತಿದ್ದಾರೆ. ಕಾಮನ್‌ವೆಲ್ತ್ ಟ್ರಸ್ಟ್ ಎಂದಿದ್ದರೆ ಮಿಷನಿನ ಕಾರ್ಖಾನೆ ಆ ಟ್ರಸ್ಟಿನ ಕೈಗೆ ಹೋದ ಮೇಲಿನದು, ಅಂದರೆ ಮೊದಲ ಮಹಾಯುದ್ಧದ ನಂತರದ್ದು. ಹುಲ್ಲಿನ ಮಾಡು ತೆಗೆದು ಹೆಂಚು ಹೊದೆಸಿದ್ದು ಯಾವಾಗ, ಬೇರೆ ಮನೆ ಬಿಚ್ಚಿದಾಗ ತಂದ ಹೆಂಚೋ ಎಂದು ಕೇಳದೆ ಮುದ್ರೆಯಿಂದ ಏನನ್ನೂ ತೀರ್ಮಾನಿಸಬೇಡಿ. ಒಂದೇ ಮಾಡಿನಲ್ಲಿ ನಾಲ್ಕು ಕಾರ್ಖಾನೆಯ ಹೆಂಚು ಸಾಮಾನ್ಯ.

ಎಣ್ಮಕಜೆ, ಬಾಯಾರು, ಪೈವಳಿಕೆಯ ಕಡೆ ಬರೆಯುವವರು ಸುರಂಗಗಳನ್ನು ಬಿಡುವಂತಿಲ್ಲ. ಪ್ರತಿಯೊಂದಕ್ಕೂ ಬಾಯಿಯ ಅಗಲ, ಎತ್ತರ, ಮುಖ ಯಾವ ದಿಕ್ಕಿಗೆ, ನೀರು ಯಾವ ತಿಂಗಳಿಗೆ ಬತ್ತುತ್ತದೆ, ಗಾಳಿಗುಂಡಿ ಇದೆಯೇ, ನೀರು ಯಾವ ಕೆರೆಗೆ ಹೋಗುತ್ತದೆ, ಯಾರ ಹಕ್ಕು ಎಂದು ಬರೆಯಿರಿ. ತೋಡಿಸಿದ ಧಣಿಯ ಹೆಸರು ಎಲ್ಲರೂ ಹೇಳುತ್ತಾರೆ. ತೋಡಿದವರ ಹೆಸರು, ಕೂಲಿ, ಮಣ್ಣು ಹೊತ್ತವರು ಯಾರು ಎಂದು ಒತ್ತಿ ಕೇಳಿ. ಒಳಗೆ ಹೋಗಬೇಡಿ: ಉಸಿರುಗಟ್ಟುತ್ತದೆ, ಜರಿಯುತ್ತದೆ, ಹಾವಿರುತ್ತದೆ. ಬಾಯಿಯಲ್ಲಿ ನಿಂತು ಲೇಸರ್ ಅಳತೆ ತೆಗೆದರೆ ನೇರ ಇರುವಷ್ಟು ಉದ್ದ ಸಿಗುತ್ತದೆ, ತಿರುವಿನಾಚೆಯದನ್ನು ‘ಹೇಳಿಕೆ’ ಎಂದೇ ಬರೆಯಿರಿ.

ಫೋಟೋ, ಕಾಗದ, ಪ್ರತಿ

ಆಲ್ಬಮ್ಮಿಗೆ ಅಂಟಿದ ಚಿತ್ರ ಕೀಳಬೇಡಿ, ಪುಟ ಸಮೇತ ಸ್ಕ್ಯಾನ್ ಮಾಡಿ: ಫೋಟೋಗೆ 600 ಡಿಪಿಐ, ಬರಹಕ್ಕೆ 300, ಬೆರಳಗಲದ ಚಿತ್ರಕ್ಕೆ 1200. ಹಿಂಬದಿಯನ್ನೂ ಬಿಡದೆ ತೆಗೆಯಿರಿ. ಸ್ಟುಡಿಯೋದ ಮುದ್ರೆ ಅಲ್ಲೇ ಇರುತ್ತದೆ. ತಾಳೆಗರಿಗೆ ನೀವೇ ಎಣ್ಣೆ ಹಚ್ಚಬೇಡಿ, ಫೋಟೋ ಮಾತ್ರ ತೆಗೆದು ತಿಳಿದವರಿಗೆ ತೋರಿಸಿ. ಈ ಕೆಲಸ ಡಿಸೆಂಬರಿನಿಂದ ಮಾರ್ಚಿನೊಳಗೆ ಮುಗಿಸಿ. ಆಟಿಯಲ್ಲಿ, ಅಂದರೆ ಜೋರು ಮಳೆಯ ತಿಂಗಳಲ್ಲಿ, ಪೆಟ್ಟಿಗೆ ತೆರೆದರೆ ಬೂಸಲು ಹಿಡಿಯುತ್ತದೆ. ಬೂಸಲು ಹಿಡಿದ ಫೋಟೋವನ್ನು ಬಿಸಿಲಿಗೆ ಹಾಕಿದರೆ ಮುರುಟಿ ಬಣ್ಣ ಹೋಗುತ್ತದೆ, ನೆರಳಲ್ಲಿ ಗಾಳಿಗೆ ಇಡಿ. ಮೂಲವನ್ನು ಅವರ ಮನೆಯಿಂದ ಹೊರಗೆ ಒಯ್ಯಬೇಡಿ. ಒಂದು ಚಿತ್ರ ಕಳೆದರೂ ಆ ಬೈಲಿನಲ್ಲಿ ಮುಂದೆ ಯಾರೂ ಪೆಟ್ಟಿಗೆ ತೆರೆಯುವುದಿಲ್ಲ.

ಜಾಗದ ತಕರಾರು, ಮೂಲದಾಳುಗಳ (ಧಣಿಯ ಮನೆಗೆ ಕಟ್ಟುಬಿದ್ದ ಕೆಲಸದವರ) ಮೇಲೆ ನಡೆದ ಹಿಂಸೆ, ಓಡಿಹೋದ ಮದುವೆ ಇಂಥವು ಬಂದೇ ಬರುತ್ತವೆ. ಅಡಗಿಸಬೇಡಿ, ಆದರೆ ಬದುಕಿರುವವರ ಹೆಸರು ತೆಗೆಯಿರಿ. ಇಂತಿಷ್ಟು ವರ್ಷದ ಮೇಲೆ ಹೊರಗೆ ಬರಲಿ ಎಂದರೆ ಆ ಕಡತವನ್ನು ಬೇರೆ ಇಡಿ. ಎಂಡೋಸಲ್ಫಾನ್ ಕೀಟನಾಶಕದಿಂದ ನೊಂದ ಮನೆಗಳಿಗೆ ಪ್ರಶ್ನೆಪಟ್ಟಿ ಹಿಡಿದುಕೊಂಡು ಹೋಗಬೇಡಿ. ಅವರು ಈಗಾಗಲೇ ಲೆಕ್ಕವಿಲ್ಲದಷ್ಟು ಜನರಿಗೆ ಹೇಳಿ ಸೋತಿದ್ದಾರೆ. ಅವರೇ ಕರೆದರೆ ಹೋಗಿ.

ಎಲ್ಲದರ ಮೂರು ಪ್ರತಿ ಇರಲಿ: ಒಂದು ನಿಮ್ಮಲ್ಲಿ, ಒಂದು ಬೇರೆ ಊರಿನಲ್ಲಿ, ಒಂದು ಊರಿನ ವಾಚನಾಲಯದಲ್ಲಿ. ಅಚ್ಚು ಹಾಕುವ ಮೊದಲು ಕರಡನ್ನು ಮಾತಾಡಿದವರ ಎದುರು ಅವರ ಭಾಷೆಯಲ್ಲೇ ಓದಿ ಹೇಳಿ. ಆಗ ‘ಅದು ಹಾಗಲ್ಲ ಮಾರಾಯಾ’ ಎಂದು ಶುರುವಾಗುವ ಮಾತಿಗೂ ರೆಕಾರ್ಡರು ಹಚ್ಚಿಯೇ ಇರಲಿ. ಮೊದಲ ಹೇಳಿಕೆಯನ್ನು ಅಳಿಸದೆ, ತಿದ್ದುಪಡಿಯನ್ನು ತಾರೀಕಿನೊಂದಿಗೆ ಅದರ ಕೆಳಗೇ ಸೇರಿಸಿ.