ನಳಿಕೆಯಿಂದ ಎದೆಗೆ: ನನ್ನ ಮಗಳು ಹಾಲು ಕುಡಿಯಲು ಕಲಿತ ಒಂಬತ್ತು ವಾರಗಳು

ನನ್ನ ಮಗಳು ಗರ್ಭದ 33 ವಾರಕ್ಕೇ ಹುಟ್ಟಿದಳು. ತೂಕ 1,760 ಗ್ರಾಂ. ಶ್ವಾಸಕೋಶ ಇನ್ನೂ ಬಲಿತಿರಲಿಲ್ಲವಾದ್ದರಿಂದ ಮೊದಲ ಮೂರು ದಿನ ಮೂಗಿಗೆ ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರದ ಗಾಳಿ, ಬಾಯಿಯ ಮೂಲಕ ಹೊಟ್ಟೆಗೆ ಇಳಿಸಿದ ಹಾಲಿನ ನಳಿಕೆ, ಆಮೇಲೆ ಕಾಮಾಲೆಗಾಗಿ ನೀಲಿ ದೀಪದ ಕೆಳಗೆ ಎರಡು ದಿನ. ನಳಿಕೆ, ಚಮಚ, ಬಟ್ಟಲು ಯಾವುದರ ಹಂಗೂ ಇಲ್ಲದೆ ಅವಳು ನನ್ನ ಎದೆಯಿಂದಲೇ ಹೊಟ್ಟೆ ತುಂಬ ಕುಡಿಯುವ ಹೊತ್ತಿಗೆ ಒಂಬತ್ತು ವಾರ ಕಳೆದಿತ್ತು. ಆ ದಿನಗಳಲ್ಲಿ ನನಗೆ ನಿಧಾನವಾಗಿ ಮನವರಿಕೆಯಾದದ್ದು ಇಷ್ಟು: ಹಾಲು ಬತ್ತದಂತೆ ನೋಡಿಕೊಳ್ಳುವ ಕೆಲಸ ತಾಯಿಯದು, ಕುಡಿಯಲು ಕಲಿಯುವ ಕೆಲಸ ಮಗುವಿನದು. ಮೊದಲನೆಯದರಲ್ಲಿ ಒಂದು ದಿನವೂ ಸಡಿಲ ಬಿಡಬಾರದು, ಎರಡನೆಯದರಲ್ಲಿ ಒಂದು ದಿನವೂ ಅವಸರ ಮಾಡಬಾರದು.

ಹೆರಿಗೆಯಾಗಿ ನಾಲ್ಕು ಗಂಟೆಯೊಳಗೆ ದಾದಿಯೊಬ್ಬರು ಕೈಯಿಂದ ಹಾಲು ಹಿಂಡುವುದನ್ನು ತೋರಿಸಿಕೊಟ್ಟರು. ಹೆಬ್ಬೆರಳು ಮತ್ತು ತೋರುಬೆರಳನ್ನು ತೊಟ್ಟಿನ ಬುಡದಿಂದ ಸ್ವಲ್ಪ ಹಿಂದಕ್ಕೆ ಇಟ್ಟು, ಎದೆಗೂಡಿನ ಕಡೆಗೆ ಒತ್ತಿ, ಆಮೇಲೆ ಬೆರಳುಗಳನ್ನು ಮೆತ್ತಗೆ ಕೂಡಿಸಬೇಕು. ಚರ್ಮದ ಮೇಲೆ ಬೆರಳು ಜಾರಬಾರದು. ಮೊದಲ ದಿನ ಸಿಕ್ಕಿದ್ದು ಸಿರಿಂಜಿನ ತುದಿಯಲ್ಲಿ ಎರಡು ಮಿಲಿಲೀಟರಿಗೂ ಕಡಿಮೆ ಹಳದಿ ಹಾಲು. ಇದೇನು ಸಾಕಾಗುತ್ತದೆ ಎಂದು ನಾನು ಅತ್ತೆ. ಆದರೆ ಆ ಹನಿಗಳನ್ನು ಅವಳ ಕೆನ್ನೆಯ ಒಳಬದಿಗೆ ಸವರಿದಾಗ ತುಟಿ ಚಪ್ಪರಿಸಿದ್ದನ್ನು ಕಣ್ಣಾರೆ ಕಂಡ ಮೇಲೆ ಒಂದು ಹನಿಯನ್ನೂ ಚೆಲ್ಲಲಿಲ್ಲ. ನಾಲ್ಕನೆಯ ದಿನ ಎದೆ ಭಾರವಾಯಿತು; ಅಲ್ಲಿಂದ ಪಂಪ್ ಬಳಸಿ ದಿನಕ್ಕೆ ಎಂಟು ಬಾರಿ ಹಾಲು ತೆಗೆಯುತ್ತಿದ್ದೆ. ಹಾಲು ಉತ್ಪತ್ತಿಗೆ ಬೇಕಾದ ಪ್ರೊಲ್ಯಾಕ್ಟಿನ್ ಹಾರ್ಮೋನ್ ರಾತ್ರಿಯ ಹೊತ್ತು ಹೆಚ್ಚಿರುವುದರಿಂದ, ನಡುರಾತ್ರಿಯ ಸರದಿಯನ್ನು ನಿದ್ದೆಗಾಗಿ ತಪ್ಪಿಸುವ ಆಸೆಯನ್ನು ಬಿಟ್ಟುಕೊಟ್ಟೆ.

ಹೀರುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಮಗುವಿಗೆ ಗರ್ಭದ ಲೆಕ್ಕದಲ್ಲಿ ಸುಮಾರು 34ನೇ ವಾರದ ಹೊತ್ತಿಗೆ ಬರತೊಡಗುತ್ತದೆ. ಅದು ಪಕ್ಕಾ ಆಗಲು ಇನ್ನೂ ಹಲವು ವಾರ ಬೇಕು. ಅಲ್ಲಿಯವರೆಗೆ ಎದೆಯನ್ನು ಊಟದ ಜಾಗವೆಂದು ತೋರಿಸುವ ಬದಲು ನೆಮ್ಮದಿಯ ಜಾಗವೆಂದು ಪರಿಚಯಿಸಿದೆವು. ಉಸಿರಾಟ ನೆಲೆಗೊಂಡ ಮೇಲೆ, ಡಯಾಪರ್ ಮತ್ತು ಟೋಪಿ ಬಿಟ್ಟರೆ ಬೇರೇನೂ ತೊಡಿಸದೆ ಅವಳನ್ನು ನನ್ನ ಬರಿ ಎದೆಯ ಮೇಲೆ ಒಂದೆರಡು ಗಂಟೆ ಮಲಗಿಸಿಕೊಳ್ಳುತ್ತಿದ್ದೆ. ನಳಿಕೆಯಲ್ಲಿ ಹಾಲು ಇಳಿಯುವ ಹೊತ್ತಿಗೆ ಸರಿಯಾಗಿ, ಆಗಷ್ಟೇ ಹಿಂಡಿ ಖಾಲಿ ಮಾಡಿದ ಮೊಲೆಗೆ ಅವಳ ಬಾಯಿ ತಾಗಿಸುತ್ತಿದ್ದೆ. ಮೊಲೆಯಲ್ಲಿ ಹಾಲು ಬಹಳ ಕಡಿಮೆ ಇರುವುದರಿಂದ ಉಸಿರು ಕಟ್ಟುವ ಭಯವೂ ಕಡಿಮೆ. ಬಾಯಿ ಚೀಪುತ್ತಿರುವಾಗಲೇ ಹೊಟ್ಟೆ ತುಂಬುತ್ತದೆ. ಈ ಎರಡೂ ಒಂದಕ್ಕೊಂದು ಸೇರಿದ್ದೆಂಬ ಅರಿವು ಅವಳಿಗೆ ಮೂಡಿದ್ದು ಇಲ್ಲೇ ಎಂದು ನಾನು ಈಗಲೂ ನಂಬುತ್ತೇನೆ.

ಮಧ್ಯೆ ಒಂದು ಹಿನ್ನಡೆಯಾಯಿತು. ಒಂದು ಸಂಜೆ ಪಾಳಿಯಲ್ಲಿದ್ದ ಸಿಬ್ಬಂದಿಯೊಬ್ಬರು ಸಹಾಯ ಮಾಡುವ ಉದ್ದೇಶದಿಂದಲೇ ಅವಳ ತಲೆಯ ಹಿಂಭಾಗವನ್ನು ಅಂಗೈಯಿಂದ ಹಿಡಿದು ಮೊಲೆಗೆ ಒತ್ತಿದರು. ಅವಳು ಬೆನ್ನು ಬಿಲ್ಲಿನಂತೆ ಬಾಗಿಸಿ, ಎರಡೂ ಕೈಗಳಿಂದ ನನ್ನನ್ನು ತಳ್ಳಿ, ಉಸಿರು ಬಿಗಿಹಿಡಿದಳು, ಮಾನಿಟರ್ ಕೂಗಿತು. ಆಮೇಲೆ ಎರಡು ದಿನ ಮೊಲೆಯ ಹತ್ತಿರ ತಂದರೆ ಸಾಕು, ಮುಖ ಹಿಂಡುತ್ತಿದ್ದಳು. ಬಾಯಿಗೆ ನಳಿಕೆ ತುರುಕಿಸಿಕೊಂಡ ಮಗುವಿಗೆ ಬಾಯಿಯ ಹತ್ತಿರ ಬರುವ ಪ್ರತಿಯೊಂದೂ ಬೆದರಿಕೆಯೇ. ಅಂದಿನಿಂದ ನಾನು ತಲೆಯನ್ನು ಹಿಡಿಯುವುದನ್ನೇ ಬಿಟ್ಟೆ. ಎಡ ಮೊಲೆಗೆ ಹಾಕುವಾಗ ಅವಳ ಮೈ ನನ್ನ ಬಲ ಮುಂಗೈ ಮೇಲೆ, ನನ್ನ ಬಲ ಅಂಗೈ ಅವಳ ಹೆಗಲುಗಳ ನಡುವೆ, ಹೆಬ್ಬೆರಳು ಮತ್ತು ತೋರುಬೆರಳು ಕಿವಿಗಳ ಹಿಂದೆ ಕುತ್ತಿಗೆಗೆ ಆಸರೆಯಾಗಿ. ತಲೆ ಮಾತ್ರ ಹಿಂದಕ್ಕೆ ವಾಲಲು ಸ್ವತಂತ್ರ. ತೊಟ್ಟನ್ನು ಅವಳ ಮೂಗಿನ ನೇರಕ್ಕೆ ಹಿಡಿದು ಕಾಯುತ್ತಿದ್ದೆ. ಅವಳೇ ತಲೆ ಎತ್ತಿ ಬಾಯಿ ದೊಡ್ಡದಾಗಿ ತೆರೆದಾಗ, ಗಲ್ಲ ಮೊದಲು ತಾಗುವಂತೆ, ಮಗುವನ್ನು ಎದೆಯ ಬಳಿಗೆ ತರುತ್ತಿದ್ದೆನೇ ಹೊರತು ಎದೆಯನ್ನು ಮಗುವಿನತ್ತ ಬಗ್ಗಿಸುತ್ತಿರಲಿಲ್ಲ. ಬಾಯಿ ತೆರೆಯದಿದ್ದರೆ ಆ ಸರದಿಗೆ ಅಷ್ಟೇ.

ಅದೇ ಗರ್ಭದ ಲೆಕ್ಕದ 35ನೇ ವಾರದಲ್ಲಿ ಮೊದಲ ನಿಜವಾದ ಗುಟುಕುಗಳು ಬಂದವು. ಕುಡಿಸುವ ಮೊದಲು ಮತ್ತು ಆಮೇಲೆ ಅದೇ ಬಟ್ಟೆಯಲ್ಲಿ ತೂಗಿ ನೋಡುತ್ತಿದ್ದರು. ಒಂದು ಗ್ರಾಂ ಹೆಚ್ಚಿದರೆ ಹೆಚ್ಚುಕಡಿಮೆ ಒಂದು ಮಿಲಿಲೀಟರ್ ಕುಡಿದಂತೆ. ಮೊದಲ ಸಲ 8 ಗ್ರಾಂ. ಎರಡು ಸರದಿ ಬಿಟ್ಟು ಸೊನ್ನೆ. ಈ ಏರಿಳಿತ ಸಹಜವೆಂದು ಯಾರಾದರೂ ಮೊದಲೇ ಹೇಳಿದ್ದರೆ ಎಷ್ಟೋ ಕಣ್ಣೀರು ಉಳಿಯುತ್ತಿತ್ತು. ಅವಳ ಪುಟ್ಟ ಬಾಯಿಗೆ ತೊಟ್ಟು ನಿಲ್ಲದೆ ಜಾರುತ್ತಿದ್ದುದರಿಂದ ನಿಪ್ಪಲ್ ಶೀಲ್ಡ್ ಎನ್ನುವ ತೆಳುವಾದ ಸಿಲಿಕೋನ್ ಕವಚವನ್ನು ಬಳಸಲು ಸ್ತನ್ಯಪಾನ ಸಲಹೆಗಾರರು ಸೂಚಿಸಿದರು. ನನಗೆ ಅದು ಸೋಲಿನಂತೆ ಕಂಡಿತ್ತು. ಆದರೆ ಮೊದಲ ದಿನವೇ 22 ಗ್ರಾಂ ಕುಡಿದಳು.

ಮನೆಗೆ ಬಂದ ಮೇಲಿನ ದಿನಗಳೇ ಹೆಚ್ಚು ಕಷ್ಟದವು. ಮೂರು ಗಂಟೆಗೊಮ್ಮೆ ಎದೆಗೆ ಹಾಕುವುದು, ಉಳಿದದ್ದನ್ನು ಪುಟ್ಟ ಬಟ್ಟಲಿನಿಂದ ಕುಡಿಸುವುದು, ಆಮೇಲೆ ಪಂಪ್. ಮೂರೂ ಸೇರಿ ಒಂದು ಗಂಟೆ ದಾಟಬಾರದೆಂದು ಕಟ್ಟುನಿಟ್ಟು ಮಾಡಿಕೊಂಡೆವು, ಏಕೆಂದರೆ ದಣಿದ ಮಗು ಕುಡಿದದ್ದಕ್ಕಿಂತ ಹೆಚ್ಚು ಶಕ್ತಿಯನ್ನು ಹೀರುವುದರಲ್ಲೇ ಕಳೆದುಕೊಳ್ಳಬಹುದು. ನಾನು ಪಂಪ್ ಹಿಡಿದು ಕೂತಾಗ ಬಟ್ಟಲಿನ ಕೆಲಸ ನನ್ನ ಗಂಡನದು. ಅಳುವವರೆಗೆ ಕಾಯದೆ, ಮುಷ್ಟಿ ಬಾಯಿಗೆ ಹೋದಾಗ, ನಾಲಿಗೆ ಹೊರಗೆ ಇಣುಕಿದಾಗಲೇ ಎತ್ತಿಕೊಳ್ಳುತ್ತಿದ್ದೆ. ನಿದ್ದೆಗೆ ಜಾರಿದರೆ ಮೊಲೆಯನ್ನು ಅಂಗೈಯಿಂದ ಮೆಲ್ಲಗೆ ಅಮುಕುತ್ತಿದ್ದೆ. ಹಾಲು ಚಿಮ್ಮಿದೊಡನೆ ದವಡೆ ಮತ್ತೆ ಚಲಿಸುತ್ತಿತ್ತು. ಬರೀ ಚೀಪುವಾಗ ದವಡೆ ಪಟಪಟನೆ ಆಡುತ್ತದೆ. ನಿಜವಾಗಿ ಕುಡಿಯುವಾಗ ಗಲ್ಲ ಆಳಕ್ಕೆ ಇಳಿದು ಒಂದು ಕ್ಷಣ ತಡೆದು, ಆಮೇಲೆ ಗಂಟಲಿನಲ್ಲಿ ಮೆತ್ತನೆಯ 'ಕಹ್' ಎನ್ನುವ ಸದ್ದು ಬರುತ್ತದೆ. ತಕ್ಕಡಿಗಿಂತ ಹೆಚ್ಚಾಗಿ ಆ ಸದ್ದನ್ನೇ ನಂಬಲು ಕಲಿತೆ. ಅದರ ಜೊತೆಗೆ ದಿನಕ್ಕೆ ಆರಕ್ಕಿಂತ ಹೆಚ್ಚು ಒದ್ದೆ ಡಯಾಪರ್, ದಿನಕ್ಕೆ ಸುಮಾರು 25 ಗ್ರಾಂ ತೂಕ ಏರಿಕೆ, ಇವಿಷ್ಟೇ ನಮ್ಮ ಲೆಕ್ಕ.

ಹೆರಿಗೆಗೆ ಕೊಟ್ಟಿದ್ದ ಮೂಲ ದಿನಾಂಕದ ಆಸುಪಾಸಿನಲ್ಲಿ ಯಾರೋ ಎಬ್ಬಿಸಿದಂತೆ ಅವಳು ಚುರುಕಾದಳು; ಬಟ್ಟಲಿನಲ್ಲಿ ಉಳಿಯುವ ಹಾಲು ಹೆಚ್ಚತೊಡಗಿತು. ಒಂಬತ್ತನೆಯ ವಾರದ ಒಂದು ರಾತ್ರಿ ಕತ್ತಲಲ್ಲಿ ಕವಚಕ್ಕಾಗಿ ತಡಕಾಡುತ್ತಿದ್ದಾಗ ಅವಳೇ ಬಾಯಿ ತೆರೆದು ಬರಿ ಮೊಲೆಯನ್ನು ಹಿಡಿದುಬಿಟ್ಟಳು. ನಾನು ಅಲುಗಾಡದೆ ಕೂತು ಗುಟುಕು ಎಣಿಸಿದೆ. ಬಟ್ಟಲನ್ನು ಆ ವಾರವೇ ಎತ್ತಿಟ್ಟೆವು. ಪಂಪನ್ನು ಮಾತ್ರ ಒಮ್ಮೆಲೇ ನಿಲ್ಲಿಸಲಿಲ್ಲ: ಎದೆ ಕಟ್ಟಿಕೊಳ್ಳದಂತೆ, ಹಾಲೂ ಕುಸಿಯದಂತೆ ಮೂರು ದಿನಕ್ಕೊಂದು ಸರದಿ ಕಡಿಮೆ ಮಾಡುತ್ತ, ವಾರಕ್ಕೊಮ್ಮೆ ಅವಳ ತೂಕ ನೋಡುತ್ತ ಹೋದೆ. ಕೊನೆಗೆ ಬಿಟ್ಟದ್ದು ನಡುರಾತ್ರಿಯ ಸರದಿಯನ್ನು.