ಡ್ಯಾನ್ಯೂಬ್ ದಂಡೆಯ ಸೈಕಲ್ ಪ್ರವಾಸ: ತಂಗುವ ಊರು ಮೊದಲು, ತುಳಿಯುವ ದಾರಿ ಆಮೇಲೆ

ಮಕ್ಕಳ ಜೊತೆ ವಿದೇಶದಲ್ಲಿ ಸೈಕಲ್ ಪ್ರವಾಸ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಮಾತು: ದಿನಕ್ಕೆ ಎಷ್ಟು ಕಿಲೋಮೀಟರ್ ತುಳಿದ್ರಿ? ನಮ್ಮ ಮನೆಯಲ್ಲಿ ಲೆಕ್ಕ ಶುರುವಾಗಿದ್ದು ಬೇರೆ ಕಡೆಯಿಂದ. ಸೈಕಲ್ ಮುಟ್ಟದ ದಿನಗಳು ಯಾವ ಊರಲ್ಲಿ, ಎಷ್ಟು ರಾತ್ರಿ ಅನ್ನುವುದನ್ನು ಮೊದಲು ಗೊತ್ತು ಮಾಡಿಕೊಂಡೆವು. ತುಳಿಯುವ ದಿನಗಳನ್ನು ಆಮೇಲೆ ಅವುಗಳ ನಡುವೆ ಜೋಡಿಸಿದೆವು. ಎಂಟು ವರ್ಷದ ಮಗ, ಹದಿಮೂರರ ಮಗಳು, ಸೈಕಲ್ಲೇ ಹತ್ತದ ಅತ್ತೆ, ಮೂವರೂ ಸುಸ್ತಾಗದೆ, ಜಗಳವಾಡದೆ ವಾಪಸ್ ಬಂದಿದ್ದು ಇದರಿಂದಲೇ ಅಂತ ನನಗೆ ಗಟ್ಟಿ ನಂಬಿಕೆ.

ದಾರಿ ಆರಿಸುವುದು ಕಷ್ಟವಾಗಲಿಲ್ಲ. ಜರ್ಮನಿಯ ಪಾಸಾವ್‌ನಿಂದ ಆಸ್ಟ್ರಿಯಾದ ವಿಯೆನ್ನಾವರೆಗೆ ಡ್ಯಾನ್ಯೂಬ್ ನದಿ ಪಕ್ಕದಲ್ಲೇ ಸುಮಾರು 320 ಕಿಲೋಮೀಟರ್ ಸೈಕಲ್ ಹಾದಿ ಇದೆ. ಯೂರೋವೆಲೋ 6 ಅನ್ನುವ ಉದ್ದನೆಯ ಹಾದಿಯ ಒಂದು ತುಂಡು ಇದು. ನದಿ ಹರಿಯುವ ದಿಕ್ಕಿನಲ್ಲೇ ಹೋಗುವುದರಿಂದ ಏರು ತೀರಾ ಕಡಿಮೆ, ಗಾಳಿಯೂ ಹೆಚ್ಚಾಗಿ ಬೆನ್ನ ಹಿಂದಿನಿಂದಲೇ ಬೀಸುತ್ತದೆ. ಬಹಳಷ್ಟು ಕಡೆ ಕಾರು ಬಸ್ಸುಗಳ ಕಾಟವೇ ಇಲ್ಲ. ಕಬ್ಬನ್ ಪಾರ್ಕಿನಲ್ಲಿ ಭಾನುವಾರ ವಾಹನ ಬಿಡದ ಹೊತ್ತಿನಲ್ಲಿ ಸೈಕಲ್ ಕಲಿತ ಮಗನಿಗೆ ಇಂಥದ್ದೇ ರಸ್ತೆ ಬೇಕಿತ್ತು. ಪಾಸಾವ್‌ನಲ್ಲಿ ಸೈಕಲ್ ಬಾಡಿಗೆಗೆ ತಗೊಂಡು ವಿಯೆನ್ನಾದಲ್ಲಿ ಬಿಡಬಹುದು. ಸೂಟ್‌ಕೇಸನ್ನು ಒಂದು ಹೋಟೆಲಿನಿಂದ ಇನ್ನೊಂದಕ್ಕೆ ವ್ಯಾನಿನಲ್ಲಿ ಸಾಗಿಸಿ ಕೊಡುವವರೂ ಇದ್ದಾರೆ.

ನಾವು ಆರಿಸಿಕೊಂಡ ದೊಡ್ಡ ಊರುಗಳು ಮೂರು. ಶುರುವಿಗೆ ಜರ್ಮನಿಯ ಮ್ಯೂನಿಕ್, ನಡುವೆ ಆಸ್ಟ್ರಿಯಾದ ಲಿಂಜ್, ಕೊನೆಗೆ ವಿಯೆನ್ನಾ. ಒಂದೊಂದಕ್ಕೂ ಒಂದೊಂದು ಕೆಲಸ ಹಂಚಿದ್ದೆವು. ಊರು ನೋಡುವುದು ಅದರ ಜೊತೆಗೆ ಸಿಗುವ ಲಾಭ ಅಷ್ಟೇ.

ಮೊದಲು ವೀಸಾ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ರಾತ್ರಿಗಳ ಲೆಕ್ಕ ನಿಲ್ಲುವುದೇ ಅದರ ಮೇಲೆ. ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ಸಾಕು, ಅದಕ್ಕೆ ಷೆಂಗೆನ್ ವೀಸಾ ಅಂತಾರೆ. ಅದಕ್ಕೆ ಅರ್ಜಿ ಹಾಕಬೇಕಾದ್ದು ಯಾವ ದೇಶದಲ್ಲಿ ಜಾಸ್ತಿ ದಿನ ಇರುತ್ತೀರೋ ಆ ದೇಶಕ್ಕೆ. ಎರಡು ದೇಶದಲ್ಲೂ ಸಮ ದಿನ ಬಂದರೆ ಮೊದಲು ಕಾಲಿಡುವ ದೇಶಕ್ಕೆ. ನಾವು ಇಳಿಯುವುದು ಜರ್ಮನಿಯಲ್ಲಿ, ಆದರೆ ಹೆಚ್ಚು ದಿನ ಇರುವುದು ಆಸ್ಟ್ರಿಯಾದಲ್ಲಿ. ಆದ್ದರಿಂದ ಮ್ಯೂನಿಕ್ ಮತ್ತು ಪಾಸಾವ್ ಎರಡರ ರಾತ್ರಿಗಳು ಸೇರಿದರೂ ಆಸ್ಟ್ರಿಯಾದ ರಾತ್ರಿಗಳಿಗಿಂತ ಚೆನ್ನಾಗಿಯೇ ಕಡಿಮೆ ಇರುವಂತೆ ನೋಡಿಕೊಂಡೆವು. ಮಗಳು ಮ್ಯೂನಿಕ್‌ನಲ್ಲಿ ಇನ್ನೂ ಎರಡು ದಿನ ಇರೋಣ ಅಂತ ಹಟ ಹಿಡಿದಾಗ ಈ ನಿಯಮವನ್ನೇ ತೋರಿಸಿದೆ. ಪ್ರವಾಸಕ್ಕೆ ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು, ತೀರಾ ತಡ ಅಂದರೆ 15 ದಿನ ಮುಂಚೆ. ನಾವು ಅರ್ಜಿ ಹಾಕುವಾಗ ಶುಲ್ಕ ದೊಡ್ಡವರಿಗೆ 90 ಯೂರೋ, 6ರಿಂದ 12 ವರ್ಷದೊಳಗಿನ ಮಕ್ಕಳಿಗೆ 45 ಯೂರೋ ಇತ್ತು. 12 ತುಂಬಿದವರೆಲ್ಲ ಬೆರಳಚ್ಚು ಕೊಡಬೇಕು, ಹಾಗಾಗಿ ಮಗಳಿಗೂ ಶಾಲೆಗೆ ರಜೆ ಹಾಕಿಸಿ ಕರ್ಕೊಂಡು ಹೋದೆವು. ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಅದರಲ್ಲಿ ಸೈಕಲ್ ಸವಾರಿಯ ಗಾಯವೂ ಸೇರಿದೆಯಾ ಅಂತ ಪಾಲಿಸಿ ಓದಿ ಖಾತ್ರಿ ಮಾಡಿಕೊಳ್ಳಿ.

ವೀಸಾಗೆ ತಂಗುವ ಜಾಗದ ಬುಕಿಂಗ್ ತೋರಿಸಬೇಕಲ್ವಾ, ಅಲ್ಲೂ ಈ ಕ್ರಮವೇ ಉಪಯೋಗಕ್ಕೆ ಬಂತು. ಮೂರು ದೊಡ್ಡ ಊರುಗಳ ಮನೆ ಮೊದಲು ಬುಕ್ ಮಾಡಿದೆವು. ನಂತರ ನಡುವಿನ ಹಳ್ಳಿಗಳ ಚಿಕ್ಕ ವಸತಿಗೃಹಗಳು. ಎಲ್ಲವೂ ದುಡ್ಡು ಕಳೆದುಕೊಳ್ಳದೆ ರದ್ದು ಮಾಡಬಹುದಾದ ಬುಕಿಂಗ್‌ಗಳೇ.

ನಮ್ಮ ಮಕ್ಕಳಿಗೆ ಬೇಸಿಗೆ ರಜೆ ಏಪ್ರಿಲ್, ಮೇ. ಅಲ್ಲಿ ಸೈಕಲ್ ಹಾದಿ ಚುರುಕಾಗುವುದೂ ಆಗಲೇ. ಆದರೆ ಮೇ ತಿಂಗಳ ನಡುವಿನಲ್ಲಿ, 11ರಿಂದ 15ರವರೆಗೆ, ಅಲ್ಲಿಯ ರೈತರಿಗೆ ಒಂದು ಚಳಿಯ ಭಯ ಇದೆ. ಹಿಮದ ಸಂತರು ಅಂತ ಆ ದಿನಗಳಿಗೆ ಹೆಸರು. ಅದು ಕಳೆಯುವ ತನಕ ಎಳೆ ಸಸಿ ಹೊರಗೆ ನೆಡುವುದಿಲ್ಲ. ನಮ್ಮ ಅಜ್ಜ ಭರಣಿ, ಕೃತ್ತಿಕೆ ಅಂತ ಮಳೆ ನಕ್ಷತ್ರ ಎಣಿಸಿ ಬಿತ್ತನೆಗೆ ಇಳಿಯುತ್ತಿದ್ದ ಹಾಗೆಯೇ ಇದು. ನಾವು ಆ ವಾರ ಮ್ಯೂನಿಕ್‌ನಲ್ಲಿ ಮನೆಯೊಳಗೆ, ಮ್ಯೂಸಿಯಮ್ಮಿನೊಳಗೆ ಇರುವಂತೆ ದಿನ ಹಾಕಿಕೊಂಡೆವು. ಮೇ ತಿಂಗಳಲ್ಲಿ ಇನ್ನೊಂದು ಸಂಗತಿ, ಹಬ್ಬದ ರಜೆಗಳು ಒಂದರ ಹಿಂದೆ ಒಂದು ಬರುತ್ತವೆ. ಮೇ 1 ಆಯ್ತು. ಈಸ್ಟರ್ ಆದ ಮೇಲೆ ಎಣಿಸಿ ಬರುವ ಒಂದು ಗುರುವಾರ, ಆಮೇಲೆ ಒಂದು ಸೋಮವಾರ. ಆ ದಿನ ಅಂಗಡಿ ಬಂದ್. ಅಲ್ಲಿಯವರೂ ಉದ್ದ ರಜೆ ಹಾಕಿ ಸೈಕಲ್ ಹತ್ತುವುದರಿಂದ ನದಿ ಪಕ್ಕದ ಕೋಣೆಗಳು ಬೇಗ ತುಂಬುತ್ತವೆ. ಕ್ಯಾಲೆಂಡರ್ ತೆಗೆದು ಆ ದಿನಗಳಿಗೆ ಗುರುತು ಹಾಕಿ, ಅವಕ್ಕೆ ದೊಡ್ಡ ಊರು ಸಿಗುವಂತೆ ಮಾಡಿದೆವು.

ಮ್ಯೂನಿಕ್‌ಗೆ ಕೊಟ್ಟ ಕೆಲಸ: ಮೈಗೆ ಅಲ್ಲಿಯ ಹೊತ್ತು ಹೊಂದಿಸುವುದು. ಬೆಂಗಳೂರಿನಿಂದ ಅಲ್ಲಿಗೆ ನೇರ ವಿಮಾನ ಇದೆ. ಬೇಸಿಗೆಯಲ್ಲಿ ವ್ಯತ್ಯಾಸ ಮೂರೂವರೆ ಗಂಟೆ. ಕಡಿಮೆ ಅನ್ನಿಸುತ್ತದೆ, ಆದರೆ ಮಕ್ಕಳು ಬೆಳಗಿನ ಜಾವ ಮೂರೂವರೆಗೇ ಕಣ್ಣು ಬಿಟ್ಟು "ಅಮ್ಮಾ, ಹಸಿವು" ಅಂತ ಕೂರುತ್ತಾರೆ. ಸಂಜೆ ಆರಕ್ಕೆ ತೂಕಡಿಸುತ್ತಾರೆ, ಹೊರಗೆ ಇನ್ನೂ ಬಿಸಿಲಿರುತ್ತದೆ. ಇಂಥ ಸ್ಥಿತಿಯಲ್ಲಿ ಸೈಕಲ್ ಕೊಡಬಾರದು. ಅದಕ್ಕೇ ಅಡುಗೆಮನೆ ಇರುವ ಬಾಡಿಗೆ ಮನೆ ಹಿಡಿದಿದ್ದು. ನಾಲ್ಕು ಗಂಟೆಗೆ ಅತ್ತೆ ಅವಲಕ್ಕಿ ನೆನೆಸಿ ಚಟ್ನಿಪುಡಿ ಕಲಸಿ ಕೊಟ್ಟರು, ಹೊಟ್ಟೆ ತುಂಬಿ ಮಗ ಮತ್ತೆ ಮಲಗಿದ. ಒಂದು ಮಾತು: ಯುರೋಪಿಗೆ ಹೊರಗಿನಿಂದ ಹಾಲಿನ ಪದಾರ್ಥ ತಗೊಂಡು ಹೋಗುವಂತಿಲ್ಲ. ತುಪ್ಪ, ಪೇಡ ಮನೆಯಲ್ಲೇ ಬಿಡಿ. ಚಟ್ನಿಪುಡಿ, ಅವಲಕ್ಕಿ, ಹುರಿಗಡಲೆ ಪರವಾಗಿಲ್ಲ.

ಅಲ್ಲಿ ನೋಡಿದ್ದು ಸ್ವಲ್ಪವೇ. ಇಸಾರ್ ನದಿಯ ದ್ವೀಪದ ಮೇಲೆ 1925ರಲ್ಲಿ ತೆರೆದ ಡಾಯ್ಚಸ್ ಮ್ಯೂಸಿಯಂ, ಮರಿಯೆನ್‌ಪ್ಲಾಟ್ಸ್ ಚೌಕದಲ್ಲಿ ಬೆಳಗ್ಗೆ 11ಕ್ಕೆ ಕುಣಿಯುವ ಗಡಿಯಾರದ ಬೊಂಬೆಗಳು, ಉಳಿದಂತೆ ಪಾರ್ಕು. ಮಕ್ಕಳ ಹೆಲ್ಮೆಟ್ಟನ್ನು ಬೆಂಗಳೂರಿನಿಂದಲೇ ಒಯ್ದಿದ್ದೆವು, ತಲೆಗೆ ಹೊಂದಿದ್ದು ಅದೇ. ಆಸ್ಟ್ರಿಯಾದಲ್ಲಿ 12 ವರ್ಷದೊಳಗಿನವರಿಗೆ ಅದು ಕಾನೂನು ಪ್ರಕಾರ ಕಡ್ಡಾಯ.

ಅಲ್ಲಿಂದ ಪಾಸಾವ್‌ಗೆ ರೈಲಿನಲ್ಲಿ ಸುಮಾರು ಎರಡೂಕಾಲು ಗಂಟೆ. ಈ ಎರಡೂ ಊರು ಇರುವ ಬವೇರಿಯಾ ರಾಜ್ಯದೊಳಗೆ ಇಡೀ ದಿನ ಓಡಾಡಲು ಒಂದೇ ಗುಂಪು ಟಿಕೆಟ್ ಸಿಗುತ್ತದೆ, ಐದು ಜನರವರೆಗೆ ಸಾಕಾಗುತ್ತದೆ. ವಾರದ ದಿನ ಬೆಳಗ್ಗೆ ಒಂಬತ್ತರ ಮೇಲೆ, ಪ್ರಾದೇಶಿಕ ರೈಲುಗಳಲ್ಲಿ ಮಾತ್ರ. ಪಾಸಾವ್‌ನಲ್ಲಿ ಡ್ಯಾನ್ಯೂಬ್, ಇನ್, ಇಲ್ಜ್ ಮೂರು ನದಿ ಕೂಡುತ್ತವೆ. ಅತ್ತೆ ದಂಡೆಯಲ್ಲಿ ನಿಂತು ಕೈ ಮುಗಿದು, "ನಮ್ಮ ತಿರುಮಕೂಡಲೂ ಹಿಂಗೇ ಕಣಮ್ಮ" ಅಂದರು. ಅಲ್ಲಿ ಒಂದು ರಾತ್ರಿ ಸಾಕು. ಮಧ್ಯಾಹ್ನವೇ ಸೈಕಲ್ ಪಡೆದು ಸೀಟಿನ ಎತ್ತರ, ಬ್ರೇಕ್ ನೋಡಿಕೊಂಡು, ಊರೊಳಗೆ ಒಂದು ಸುತ್ತು ಹಾಕಿದರೆ ಮರುದಿನ ಬೆಳಗ್ಗೆ ಗಡಿಬಿಡಿ ಇರುವುದಿಲ್ಲ.

ಅತ್ತೆಯ ವ್ಯವಸ್ಥೆ ಬಗ್ಗೆ ಬಹಳ ಜನ ಕೇಳಿದ್ದಾರೆ. "ನೀವು ತುಳೀರಪ್ಪ, ನಾನು ರೈಲೋ ದೋಣಿನೋ ಹತ್ತಿ ಬರ್ತೀನಿ" ಅಂತ ಅವರು ಮೊದಲೇ ಹೇಳಿದ್ದರು. ಹಾಗಾಗಿ ನಾನು, ನನ್ನ ಯಜಮಾನರು ಸರದಿಯ ಮೇಲೆ ಅವರ ಜೊತೆ ಹೋದೆವು. ಒಬ್ಬರು ಮಕ್ಕಳ ಜೊತೆ ಸೈಕಲ್, ಒಬ್ಬರು ಅತ್ತೆ ಮತ್ತು ಸೂಟ್‌ಕೇಸ್ ಜೊತೆ. ಆ ದಿನ ಹತ್ತದ ಸೈಕಲ್ ರೈಲಿನಲ್ಲೋ ದೋಣಿಯಲ್ಲೋ ನಮ್ಮ ಜೊತೆಗೇ ಬರುತ್ತಿತ್ತು. ಪಾಸಾವ್ ಮತ್ತು ಲಿಂಜ್ ನಡುವೆ ಪ್ರಯಾಣಿಕರ ಹಡಗು ಓಡುತ್ತದೆ, ಸೈಕಲ್ಲನ್ನೂ ಹತ್ತಿಸಿಕೊಳ್ಳುತ್ತದೆ. ಲಿಂಜ್, ಮೆಲ್ಕ್, ಕ್ರೆಮ್ಸ್, ಟುಲ್ನ್ ಎಲ್ಲಕ್ಕೂ ರೈಲು ನಿಲ್ದಾಣ ಇದೆ. ವಯಸ್ಸಾದವರು ಜೊತೆಗಿದ್ದರೆ ರಾತ್ರಿ ತಂಗುವುದು ರೈಲು ಇರುವ ಊರಲ್ಲೇ ಇರಲಿ. ಜೋರು ಮಳೆ ಬಂದ ದಿನ ಅದೇ ರೈಲು ನಮಗೂ ಆಗಿಬಂತು.

ಲಿಂಜ್‌ಗೆ ಸೈಕಲ್ ಹಾದಿಯಲ್ಲಿ ನೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಶ್ಲೋಗೆನ್ ಹತ್ತಿರ ನದಿ ಪೂರ್ತಿ ಹಿಂದಕ್ಕೆ ತಿರುಗುತ್ತದೆ, ಅಲ್ಲೊಂದು ರಾತ್ರಿ ಉಳಿದೆವು. ಮಕ್ಕಳಿಗೆ ದಿನಕ್ಕೆ ಮೂವತ್ತು ನಲವತ್ತು ಕಿಲೋಮೀಟರ್ ಆರಾಮ. ಅದಕ್ಕಿಂತ ಜಾಸ್ತಿ ಎಳೆದರೆ ಮಧ್ಯಾಹ್ನದ ಮೇಲೆ ಮಾತೇ ನಿಂತುಹೋಗುತ್ತದೆ.

ಲಿಂಜ್ ಕೆಲಸ: ಬಟ್ಟೆ ಒಗೆಯುವುದು, ಅನ್ನ ಸಾರು ಮಾಡುವುದು, ಕಾಲು ಚಾಚುವುದು. ವಾಷಿಂಗ್ ಮಷೀನ್ ಇರುವ ಮನೆಯನ್ನೇ ಹುಡುಕಿ ಹಿಡಿದಿದ್ದೆ. ಪ್ರವಾಸದ ಪುಸ್ತಕಗಳಲ್ಲಿ ಲಿಂಜ್‌ಗೆ ಜಾಗ ಕಡಿಮೆ, ಅದು ನನಗೆ ಒಳ್ಳೆಯದೇ ಆಯಿತು. ಇದು ನೋಡಬೇಕು, ಅದು ನೋಡಬೇಕು ಅನ್ನುವ ಒತ್ತಡವೇ ಇಲ್ಲ. ಊರ ನಡುವಿನ ಚೌಕದಿಂದ ಪೋಸ್ಟ್ಲಿಂಗ್‌ಬರ್ಗ್ ಗುಡ್ಡಕ್ಕೆ ಟ್ರಾಮ್ ಹತ್ತುತ್ತದೆ, 1898ರಲ್ಲಿ ಶುರುವಾದ ಹಾದಿ ಅದು. ಮೇಲೆ ಹಳೇ ಕೋಟೆಯ ಬುರುಜಿನೊಳಗೆ ಮಕ್ಕಳಿಗೆ ಡ್ರ್ಯಾಗನ್ ತಲೆಯ ಪುಟ್ಟ ರೈಲು. ಮಗ ಇಳಿದು ಮತ್ತೆ ಸಾಲಿನಲ್ಲಿ ನಿಂತ. ಅತ್ತೆಗೂ ಒಂದು ಮೆಟ್ಟಿಲು ಹತ್ತದೆ ಗುಡ್ಡದ ಮೇಲಿನಿಂದ ಇಡೀ ಊರು ಕಂಡಿತು.

ಲಿಂಜ್ ದಾಟಿದ ಮೇಲೆ ಹಾದಿ ಮೌಟ್‌ಹೌಸನ್ ಊರಿನ ಕೆಳಗೆ ಹಾಯುತ್ತದೆ. 1938ರಿಂದ 1945ರವರೆಗೆ ನಾಜಿಗಳ ಸೆರೆಶಿಬಿರ ಇದ್ದ ಜಾಗ, ಗುಡ್ಡದ ಮೇಲೆ ಈಗ ಸ್ಮಾರಕ ಇದೆ. ಮಗನಿಗೆ ಇನ್ನೂ ಅದರ ವಯಸ್ಸಲ್ಲ ಅಂತ ತೀರ್ಮಾನಿಸಿ, ಅವನು ಅಜ್ಜಿಯ ಜೊತೆ ಕೆಳಗೆ ಉಳಿದ. ಮಗಳನ್ನು ಕರ್ಕೊಂಡು ನಾನು ಹೋದೆ. ಆ ದಿನದ ದೂರವನ್ನು ಬೇಕೆಂದೇ ಕಡಿಮೆ ಇಟ್ಟಿದ್ದೆವು. ವಾಪಸ್ ಇಳಿಯುವಾಗ ಅವಳು ಕೇಳಿದ ಪ್ರಶ್ನೆಗಳಿಗೆ ಸಮಯ ಬೇಕಿತ್ತು.

ಇನ್ನು ಮೆಲ್ಕ್‌ನಿಂದ ಕ್ರೆಮ್ಸ್‌ವರೆಗಿನ ವಾಖಾವ್ ಕಣಿವೆ. ಬರೀ 36 ಕಿಲೋಮೀಟರ್ ಆಸುಪಾಸು, ಒಂದೇ ದಿನದಲ್ಲಿ ಮುಗಿಸಬಹುದು. ನಾವು ಎರಡು ದಿನ ಮಾಡಿದೆವು. ಯುನೆಸ್ಕೋದ ವಿಶ್ವ ಪರಂಪರೆ ಪಟ್ಟಿಗೆ 2000ದಲ್ಲಿ ಸೇರಿದ ಜಾಗ, ಎರಡೂ ಕಡೆ ದ್ರಾಕ್ಷಿ ತೋಟ, ಏಪ್ರಿಕಾಟ್ ಮರ. ಸ್ಪಿಟ್ಸ್ ಊರಲ್ಲಿ ನದಿ ದಾಟಲು ಒಂದು ದೋಣಿ ಇದೆ, ಅದಕ್ಕೆ ಎಂಜಿನ್ನೇ ಇಲ್ಲ. ನದಿಗೆ ಅಡ್ಡಲಾಗಿ ಮೇಲೆ ಒಂದು ಉಕ್ಕಿನ ಹಗ್ಗ. ದೋಣಿಯನ್ನು ಅದಕ್ಕೆ ಕಟ್ಟಿ ಸ್ವಲ್ಪ ಓರೆಯಾಗಿ ನಿಲ್ಲಿಸುತ್ತಾರೆ. ಹರಿಯುವ ನೀರು ಓರೆ ಮೈಗೆ ಬಡಿದು ದೋಣಿಯನ್ನು ಆಚೆ ದಡಕ್ಕೆ ತಳ್ಳುತ್ತದೆ. ವಾಪಸ್ ಬರಲು ಓರೆಯನ್ನು ಆ ಕಡೆಗೆ ತಿರುಗಿಸುತ್ತಾರೆ ಅಷ್ಟೇ. ಸದ್ದಿಲ್ಲ, ಹೊಗೆಯಿಲ್ಲ. ಮಕ್ಕಳಿಬ್ಬರೂ ಕಟಕಟೆ ಹಿಡಿದು ಹಗ್ಗದ ಮೇಲೆ ಉರುಳುವ ಗಾಲಿಯನ್ನೇ ನೋಡುತ್ತ ನಿಂತಿದ್ದರು. ಆಚೆ ದಡದಲ್ಲಿ ಇಳಿದು, ಮತ್ತೆ ಈಚೆಗೆ ಬಂದು, ಪುನಃ ದಾಟಿದೆವು. ದಿನದ ದೂರ ಕಡಿಮೆ ಇದ್ದದ್ದರಿಂದಲೇ ಇದೆಲ್ಲ ಆಯಿತು.

ಸ್ಪಿಟ್ಸ್‌ಗೆ ಸ್ವಲ್ಪ ಮೊದಲು ವಿಲ್ಲೆಂಡಾರ್ಫ್ ಅಂತ ಚಿಕ್ಕ ಹಳ್ಳಿ. 1908ರಲ್ಲಿ ಅಲ್ಲಿ ನೆಲ ಅಗೆಯುವಾಗ 11 ಸೆಂಟಿಮೀಟರ್ ಎತ್ತರದ ಕಲ್ಲಿನ ಹೆಣ್ಣಿನ ಬೊಂಬೆ ಸಿಕ್ಕಿತು, ಸುಮಾರು 30 ಸಾವಿರ ವರ್ಷ ಹಳೆಯದು. ಅದು ಸಿಕ್ಕ ಜಾಗವನ್ನು ಸೈಕಲ್ ನಿಲ್ಲಿಸಿ ನೋಡಿದೆವು. ಮೂಲ ಬೊಂಬೆ ಇರುವುದು ವಿಯೆನ್ನಾದ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಮ್ಮಿನಲ್ಲಿ. ಕೆಲವು ದಿನ ಕಳೆದು ಅಲ್ಲಿ ಗಾಜಿನ ಮುಂದೆ ನಿಂತಾಗ ಮಗ ಪಕ್ಕದಲ್ಲಿದ್ದ ಅಪರಿಚಿತರಿಗೆಲ್ಲ "ವಿ ಸೈಕಲ್ಡ್ ದೇರ್" ಅಂತ ಹೇಳಿಕೊಂಡ. ದೊಡ್ಡ ಊರನ್ನು ಕೊನೆಗೆ ಇಡಬೇಕು ಅಂತ ನಾನು ಹೇಳುವುದು ಇದಕ್ಕೇ. ದಾರಿಯಲ್ಲಿ ಕಂಡದ್ದಕ್ಕೆಲ್ಲ ಅಲ್ಲಿ ಒಂದು ಉತ್ತರ ಸಿಗುತ್ತದೆ. ಅಲ್ಲದೆ ವಿಯೆನ್ನಾದ ಸರ್ಕಾರಿ ಮ್ಯೂಸಿಯಂಗಳಲ್ಲಿ 19 ವರ್ಷದೊಳಗಿನವರಿಗೆ ಪ್ರವೇಶ ಉಚಿತ. ಮಕ್ಕಳಿಗೆ ಬೇಜಾರಾದರೆ ಅರ್ಧ ಗಂಟೆಗೆ ಹೊರಗೆ ಬಂದರೂ ಟಿಕೆಟ್ ದುಡ್ಡಿನ ಸಂಕಟ ಇಲ್ಲ.

ಭಾನುವಾರದ ಬಗ್ಗೆ ಎಚ್ಚರ. ನಮ್ಮಲ್ಲಿ ಭಾನುವಾರ ರಾತ್ರಿ ಹತ್ತಕ್ಕೂ ಮೂಲೆ ಅಂಗಡಿಯಲ್ಲಿ ಹಾಲು ಸಿಗುತ್ತದೆ. ಅಲ್ಲಿ ದಿನಸಿ ಅಂಗಡಿಗಳು ಭಾನುವಾರ ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣದ ಒಳಗಿನವು ಬಿಟ್ಟು. ಶನಿವಾರ ಸಂಜೆಯೇ ಬ್ರೆಡ್, ಹಣ್ಣು, ಮೊಸರು ತಂದಿಟ್ಟುಕೊಳ್ಳುತ್ತಿದ್ದೆವು. ಮಾಂಸ ತಿನ್ನದ ಮನೆಯವರಿಗೆ ಇದು ಇನ್ನೂ ಮುಖ್ಯ.

ವಿಯೆನ್ನಾ ತಲುಪಿದ ದಿನವೇ ಸೈಕಲ್ ವಾಪಸ್ ಕೊಟ್ಟೆವು. ಅಲ್ಲಿಯೂ ಸೈಕಲ್ ದಾರಿ ಚೆನ್ನಾಗಿದೆ, ಆದರೆ ಎಂಟು ವರ್ಷದವನನ್ನು ಟ್ರಾಮ್ ಹಳಿಗಳ ನಡುವೆ ಬಿಡಲು ನನಗೆ ಮನಸ್ಸಿರಲಿಲ್ಲ. ಮೆಟ್ರೋ ನಿಲ್ದಾಣದ ಪಕ್ಕದಲ್ಲೇ ಮನೆ ಹಿಡಿದಿದ್ದೆವು. ನಲ್ಲಿ ನೀರು ಆಲ್ಪ್ಸ್ ಬೆಟ್ಟದ ಬುಗ್ಗೆಯಿಂದ ಬರುವುದು, 1873ರಿಂದ ಹೀಗೇ. ಬಾಟಲಿ ಕೊಳ್ಳಲೇ ಇಲ್ಲ. ದಿನಕ್ಕೆ ಒಂದೇ ದೊಡ್ಡ ಜಾಗ ಅಂತ ನಿಯಮ: ಒಂದು ದಿನ ಶೋನ್‌ಬ್ರುನ್ ಅರಮನೆಯ ಆವರಣದ ಪ್ರಾಣಿ ಸಂಗ್ರಹಾಲಯ, 1752ರಿಂದ ನಡೆದುಕೊಂಡು ಬಂದದ್ದು. ಇನ್ನೊಂದು ದಿನ ಪ್ರಾಟರ್ ಪಾರ್ಕಿನ 1897ರ ದೊಡ್ಡ ರಾಟೆ, ಅಂದರೆ ಜೈಂಟ್ ವೀಲ್. ಆ ದಿನದ ಜಾಗ ಯಾವುದು ಅಂತ ಆರಿಸುವ ಹಕ್ಕು ಸರದಿಯ ಮೇಲೆ ಒಬ್ಬೊಬ್ಬರದು. ಅತ್ತೆಯ ಸರದಿ ಬಂದಾಗ ಅವರು ಸಂತೆ ನೋಡಬೇಕು ಅಂದರು, ನಾಶ್‌ಮಾರ್ಕ್ಟ್‌ಗೆ ಹೋದೆವು.

ವಿಮಾನದ ಟಿಕೆಟ್ ತೆಗೆಯುವಾಗ ಮ್ಯೂನಿಕ್‌ಗೆ ಹೋಗಿ ವಿಯೆನ್ನಾದಿಂದ ಬರುವಂತೆ ಮಲ್ಟಿ ಸಿಟಿ ಆಯ್ಕೆಯಲ್ಲಿ ನೋಡಿ. ವಿಯೆನ್ನಾದಿಂದ ಮ್ಯೂನಿಕ್‌ಗೆ ವಾಪಸ್ ರೈಲು ಅಂದರೆ ಮತ್ತೆ ನಾಲ್ಕು ಗಂಟೆ, ಐದು ಜನರ ಟಿಕೆಟ್, ಸೂಟ್‌ಕೇಸ್ ಹೊರುವ ಕೆಲಸ. ಬರುವಾಗ ನಡುವೆ ಒಂದು ಕಡೆ ವಿಮಾನ ಬದಲಿಸಬೇಕಾಗುತ್ತದೆ. ಬದಲಿಸಲು ಕನಿಷ್ಠ ಮೂರು ಗಂಟೆ ಇರುವ ಟಿಕೆಟ್ಟನ್ನೇ ಆರಿಸಿದೆವು. ಬೆಂಗಳೂರಿಗೆ ಶುಕ್ರವಾರ ಇಳಿಯುವಂತೆ ನೋಡಿಕೊಂಡರೆ ಶಾಲೆ, ಆಫೀಸು ಶುರುವಾಗುವ ಮೊದಲು ನಿದ್ದೆ ಸರಿಹೋಗಲು ಎರಡು ದಿನ ಸಿಗುತ್ತದೆ.