ಬಿಎ ಓದಲು ಸಣ್ಣ ಕಾಲೇಜಿಗೆ ಬರುವ ಮಕ್ಕಳಿಗೆ

ಪಿಯುಸಿ ಫಲಿತಾಂಶ ಬಂದ ವಾರದಿಂದ ಕೊಡಗಿನ ಸಿದ್ದಾಪುರದ ನಮ್ಮ ಲೈನ್‌ಮನೆಗಳ, ಅಂದರೆ ಕಾಫಿ ತೋಟದ ಕೂಲಿಯವರ ಸಾಲುಮನೆಗಳ, ಮಕ್ಕಳು ನನ್ನನ್ನು ಹುಡುಕಿಕೊಂಡು ಬರುತ್ತಾರೆ. "ಅಕ್ಕಾ, ನೀವು ಓದಿದ ವಿರಾಜಪೇಟೆಯ ಕ್ರೈಸ್ತ ಕಾಲೇಜಿಗೇ ಸೇರಲಾ, ಮೈಸೂರಿಗೆ ಹೋಗಲಾ?" 2016ರಿಂದ 2019ರವರೆಗೆ ನಾನು ಅಲ್ಲಿ ಬಿಎ ಓದಿದೆ. ಚರಿತ್ರೆ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ನಮ್ಮ ಬಾಯಲ್ಲಿ ಎಚ್‌ಇಪಿ. ತರಗತಿಯಲ್ಲಿ ಇದ್ದದ್ದೇ 23 ಜನ. ಈಗ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುತ್ತೇನೆ. ಬಂದವರಿಗೆಲ್ಲ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

ಮೊದಲು ಮನೆಯವರ ಭಯ. ಅಲ್ಲಿ ಪ್ರಾರ್ಥನೆ ಮಾಡಿಸುತ್ತಾರಂತೆ, ಮತ ಬದಲಿಸಲು ಹೇಳುತ್ತಾರಂತೆ ಎಂದು ನನ್ನಮ್ಮನಿಗೂ ಯಾರೋ ಹೇಳಿದ್ದರು. ಬೆಳಿಗ್ಗೆ ಗಂಟೆ ಹೊಡೆದಾಗ ಎರಡು ನಿಮಿಷದ ಪ್ರಾರ್ಥನೆ ಇರುತ್ತಿತ್ತು. ನಾನು ಸುಮ್ಮನೆ ಎದ್ದು ನಿಲ್ಲುತ್ತಿದ್ದೆ, ಯಾರೂ ಏನೂ ಕೇಳಲಿಲ್ಲ. ವಾರಕ್ಕೊಂದು ಮೌಲ್ಯ ಶಿಕ್ಷಣದ ಪೀರಿಯಡ್ ಇತ್ತು. ಸಾಲ ಮಾಡಿ ಮದುವೆ ಮಾಡುವುದು ಸರಿಯೇ ಎಂದು ನಾವು ಮೊದಲ ಸಲ ಬಾಯಿಬಿಟ್ಟು ಜಗಳವಾಡಿದ್ದು ಆ ಪೀರಿಯಡ್ಡಿನಲ್ಲೇ. ಸಂವಿಧಾನದ 28(3)ನೇ ವಿಧಿಯನ್ನು ಸೇರುವ ಮೊದಲೇ ಓದಿಕೊಳ್ಳಿ: ಸರಕಾರದ ಮಾನ್ಯತೆಯೋ ಅನುದಾನವೋ ಇರುವ ವಿದ್ಯಾಸಂಸ್ಥೆಯಲ್ಲಿ, ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲ. ಅಪ್ಪ ಅಮ್ಮನಿಗೆ ಅದನ್ನು ಓದಿ ಹೇಳಿ. ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ಸೇರುವಾಗ ಜಾತಿ, ಆದಾಯ ಪ್ರಮಾಣಪತ್ರಗಳನ್ನು ನಾಡಕಚೇರಿಯಿಂದ ಮೊದಲೇ ಮಾಡಿಸಿಟ್ಟುಕೊಳ್ಳಿ. ರಾಜ್ಯದ ವಿದ್ಯಾರ್ಥಿವೇತನದ ಜಾಲತಾಣವಾದ ಎಸ್‌ಎಸ್‌ಪಿಯಲ್ಲಿ ಅರ್ಜಿ ಹಾಕಲು ಅವುಗಳ ಮೇಲಿರುವ ಆರ್‌ಡಿ ಸಂಖ್ಯೆ ಬೇಕು. ನಮ್ಮ ಕಾಲೇಜು ನನ್ನ ಕಾಲಕ್ಕೆ ಮಂಗಳೂರು ವಿಶ್ವವಿದ್ಯಾಲಯಕ್ಕೆ ಸೇರಿತ್ತು, ಈಗ ಚಿಕ್ಕ ಅಳುವಾರದ ಕೊಡಗು ವಿಶ್ವವಿದ್ಯಾಲಯಕ್ಕೆ. ನಾಲ್ಕು ವರ್ಷದ ಪದವಿ ಎಂದು ಯಾರಾದರೂ ಹೆದರಿಸಿದರೆ ನಂಬಬೇಡಿ. 2024-25ರಿಂದ ರಾಜ್ಯದಲ್ಲಿ ಮತ್ತೆ ಮೂರು ವರ್ಷವೇ.

ಇನ್ನು ಮಳೆ. ಜುಲೈಯಲ್ಲಿ ಜಿಲ್ಲಾಧಿಕಾರಿ ರಜೆ ಕೊಟ್ಟಿದ್ದಾರೆ ಎಂದು ವಾಟ್ಸಾಪಿನಲ್ಲಿ ಬಂದ ಕೂಡಲೇ ಕಂಬಳಿ ಹೊದ್ದು ಮಲಗಬೇಡಿ. ಆದೇಶವನ್ನು ಕೊನೆಯವರೆಗೆ ಓದಿ. ಅಂಗನವಾಡಿ, ಶಾಲೆ, ಪಿಯು ಕಾಲೇಜು ಎಂದಷ್ಟೇ ಇರುವುದು ಹೆಚ್ಚು. ಪದವಿಯವರಿಗೆ ತರಗತಿ ಇರುತ್ತದೆ, 75 ಶೇಕಡಾ ಹಾಜರಿಯ ಲೆಕ್ಕವೂ ಓಡುತ್ತಿರುತ್ತದೆ. ಆದರೆ ತೋಟದ ದಾರಿಯಲ್ಲಿ ಆನೆ ನಿಂತಿದ್ದರೆ ಹೋಗಲೇಬೇಡಿ. ನಮ್ಮ ಸಿದ್ದಾಪುರ, ಮಾಲ್ದಾರೆ, ಅಮ್ಮತ್ತಿ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಲೆಕ್ಚರರಿಗೆ ಆಗಲೇ ಫೋನ್ ಮಾಡಿ. 23 ಜನರ ತರಗತಿಯಲ್ಲಿ ಯಾವ ಹುಡುಗಿ ಯಾವ ಬಸ್ಸಿಗೆ ಬರುತ್ತಾಳೆ ಎಂಬುದು ಅವರಿಗೆ ಗೊತ್ತು.

ನಾನು ಮುಖ್ಯವಾಗಿ ಹೇಳಬೇಕಾದದ್ದು ಇದನ್ನೇ. ಸಣ್ಣ ಕಾಲೇಜಿನಲ್ಲಿ ಅಡಗಿಕೊಳ್ಳಲು ಜಾಗವಿಲ್ಲ. ಮೊದಲ ಸೆಮಿಸ್ಟರ್ ಪೂರ್ತಿ ನಾನು ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕುಳಿತೆ. ಕನ್ನಡ ಮಾಧ್ಯಮದವಳು, ಇಂಗ್ಲಿಷ್ ಎಂದರೆ ಅಂಗೈ ಬೆವರುತ್ತಿತ್ತು. ಒಂದು ದಿನ ಇಂಗ್ಲಿಷ್ ಹೇಳಿಕೊಡುತ್ತಿದ್ದ ಸಿಸ್ಟರ್ ಲೈಬ್ರರಿಯಲ್ಲಿ ನನ್ನ ಪಕ್ಕ ಬಂದು ಕುಳಿತು, ಮಧ್ಯಾಹ್ನ ಏನು ಊಟ ಮಾಡಿದೆ ಎಂದು ಇಂಗ್ಲಿಷಿನಲ್ಲಿ ಬರೆದು ತಾ ಎಂದರು. ನಾಲ್ಕು ಸಾಲು ಬರೆದೆ, ಮೂರು ತಪ್ಪು. ಆಮೇಲೆ ಪ್ರತಿ ಶುಕ್ರವಾರ ಒಂದು ಪುಟ. ಮನೆ, ಮಳೆ, ಕರಿಮೆಣಸು ಕೊಯ್ಯುವ ಏಣಿ, ಏನಾದರೂ ಸರಿ. ಕೆಂಪು ಶಾಯಿಯಲ್ಲಿ ತಿದ್ದಿ ಸೋಮವಾರ ಕೊಡುತ್ತಿದ್ದರು. ಎರಡು ವರ್ಷ ಒಂದು ವಾರವೂ ತಪ್ಪಿಸಲಿಲ್ಲ. ನನ್ನನ್ನು ಅವರಾಗಿ ಹುಡುಕಿ ಬಂದರು; ನೀವು ಕಾಯಬೇಡಿ, ನೀವೇ ಹೋಗಿ ಕೇಳಿ. ಅರ್ಥವಾಗದ ಪಾಠವನ್ನು ಅದೇ ವಾರ ಸ್ಟಾಫ್ ರೂಮಿಗೆ ಒಯ್ಯಿರಿ. "ಏನೂ ಅರ್ಥವಾಗಲಿಲ್ಲ ಸರ್" ಎನ್ನಬೇಡಿ, ಯಾವ ಸಾಲಿನಲ್ಲಿ ದಾರಿ ತಪ್ಪಿತು ಎಂದು ಬೆರಳಿಟ್ಟು ತೋರಿಸಿ.

ಅಸೈನ್‌ಮೆಂಟಿಗೆ ಅಂತರ್ಜಾಲದಿಂದ ಇಳಿಸಿದ್ದನ್ನು ಕೊಡಬೇಡಿ, ಇಷ್ಟು ಸಣ್ಣ ಕಡೆ ಅದು ಸಿಕ್ಕಿಬೀಳುತ್ತದೆ. ಅದಕ್ಕಿಂತ, ಬರೆಯುವ ವಿಷಯ ನಿಮ್ಮ ಬಸ್‌ಸ್ಟಾಂಡಿನಲ್ಲೇ ಇದೆ. ನಾನು ಬರೆದದ್ದು ವಿರಾಜಪೇಟೆ ಹುಟ್ಟಿದ ಬಗ್ಗೆ. ಟಿಪ್ಪುವಿನ ಮೇಲಿನ ಯುದ್ಧದ ಕಾಲದಲ್ಲಿ ಕೊಡಗಿನ ರಾಜ ದೊಡ್ಡ ವೀರರಾಜೇಂದ್ರ ಇಂಗ್ಲಿಷರ ಜನರಲ್ ಅಬರ್‌ಕ್ರಾಂಬಿಯನ್ನು 1791ರಲ್ಲಿ ಭೇಟಿಯಾದ, ಅದರ ನೆನಪಿಗೆ 1792ರಲ್ಲಿ ಈ ಪೇಟೆ ಕಟ್ಟಿಸಿದ. ವೀರರಾಜೇಂದ್ರಪೇಟೆಯೇ ವಿರಾಜಪೇಟೆಯಾಯಿತು. ಕೊಂಕಣಿ ಮಾತಾಡುವ ಕೆಥೋಲಿಕರಿಗೆ ಲಿಂಗಾಯತನಾದ ಈ ರಾಜ ಇಲ್ಲಿ ನೆಲೆ ಕೊಟ್ಟ. ಸಂತ ಅನ್ನಮ್ಮನವರ ಇಗರ್ಜಿಯ (ಚರ್ಚಿನ) ಗೋಪುರ ನೋಡಿದಾಗಲೆಲ್ಲ ನನಗೆ ಅದೇ ನೆನಪಾಗುತ್ತದೆ. ಅದನ್ನು ಬರೆಯಲು ಗೆಜೆಟಿಯರ್ ತೆರೆದೆ, ಪೇಟೆಯ ಹಿರಿಯರ ಜಗಲಿಯಲ್ಲಿ ಕುಳಿತೆ. ಇಬ್ಬರು ಹೇಳಿದ ಕತೆ ಒಂದಕ್ಕೊಂದು ತಾಳೆಯಾಗಲಿಲ್ಲ. ಎರಡನ್ನೂ ಹಾಗೆಯೇ ಬರೆ, ಯಾಕೆ ಬೇರೆಯಾಯಿತು ಎಂದು ಯೋಚಿಸು ಎಂದರು ಚರಿತ್ರೆಯ ಸರ್. ಚರಿತ್ರೆ ಎಂದರೇನು ಎಂದು ನನಗೆ ತಿಳಿದದ್ದು ಅವತ್ತು.

ಕಾಫಿ ಕುಯಿಲಿನ ಕಾಲವನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಡಿಸೆಂಬರಿನಿಂದ ಮಾರ್ಚ್‌ವರೆಗೆ ಮನೆಯಲ್ಲಿ ಒಂದು ಕೈ ಹೆಚ್ಚಿದ್ದರೆ ಚೀಲ ಬೇಗ ತುಂಬುತ್ತದೆ, ಕೂಲಿ ಕಿಲೋ ಲೆಕ್ಕದ್ದು. ಇಂಟರ್ನಲ್ ಪರೀಕ್ಷೆ ಬರುವುದೂ ಆಗಲೇ. ನಾನು ಭಾನುವಾರ ಮಾತ್ರ ಕುಯಿಲಿಗೆ ಹೋಗುತ್ತೇನೆ ಎಂದು ಅಪ್ಪನ ಹತ್ತಿರ ನವೆಂಬರಿನಲ್ಲೇ ಮಾತು ತೆಗೆದುಕೊಂಡಿದ್ದೆ. ಹಾಗೂ ಹೋಗಲೇಬೇಕಾದ ಮಕ್ಕಳು ಕ್ಲಾಸ್ ಟೀಚರಿಗೆ ಮುಂಚೆಯೇ ಹೇಳಲಿ. ಹೇಳದೆ ಮಾಯವಾದವರಿಗೆ ಯಾರೂ ಸಹಾಯ ಮಾಡಲಾರರು.

ನೋಟ್ಸ್ ಬರೆದ ದಿನವೇ ಫೋಟೋ ತೆಗೆದು ಇನ್ನೊಬ್ಬರಿಗೆ ಕಳಿಸಿ. 2018ರ ಆಗಸ್ಟಿನಲ್ಲಿ ಹಾಸ್ಟೆಲಿನ ನನ್ನ ಗೆಳತಿಯೊಬ್ಬಳು ಸ್ವಾತಂತ್ರ್ಯ ದಿನದ ರಜೆಗೆ ಮಕ್ಕಂದೂರಿನ ಮನೆಗೆ ಹೋದಳು. ಎರಡೇ ದಿನದಲ್ಲಿ ಬೆಟ್ಟ ಜಾರಿತು. ಮನೆಯವರೆಲ್ಲ ಬದುಕಿದರು, ಮನೆ ಉಳಿಯಲಿಲ್ಲ. ವಾರಗಳ ನಂತರ ಒಂದು ಚೀಲ ಬಟ್ಟೆ ಹಿಡಿದು ಬಂದವಳಿಗೆ ಮೊದಲು ಅಳು ಬಂದದ್ದು ಪುಸ್ತಕಗಳಿಗಾಗಿ. ನಾವು ವಿಷಯ ಹಂಚಿಕೊಂಡೆವು, ಹಾಸ್ಟೆಲಿನ ಊಟದ ಮೇಜಿನ ಮೇಲೆ ರಾತ್ರಿ ಕುಳಿತು ಅವಳ ನೋಟ್ಸನ್ನೆಲ್ಲ ಮತ್ತೆ ಬರೆದೆವು. ನನಗೆ ಬಂದದ್ದು ರಾಜ್ಯಶಾಸ್ತ್ರ. ವಾರ್ಡನ್ ಸಿಸ್ಟರ್ ಹತ್ತು ಗಂಟೆಯ ದೀಪದ ನಿಯಮವನ್ನು ಆ ವಾರ ಮರೆತರು, ಫ್ಲಾಸ್ಕಿನಲ್ಲಿ ಬೆಲ್ಲದ ಕಾಫಿ ಇಟ್ಟು ಹೋಗುತ್ತಿದ್ದರು. ಅವಳು ಪ್ರಥಮ ದರ್ಜೆಯಲ್ಲಿ ಪಾಸಾದಳು.

ಕೊನೆಗೆ ಟಿಸಿ ತರುವ ದಿನದ ಮಾತು. ಲೈಬ್ರರಿ ಪುಸ್ತಕ ಹಿಂದಿರುಗಿಸಿ ನೋ ಡ್ಯೂ ಸಹಿ ಹಾಕಿಸಿಕೊಳ್ಳಿ, ಅಂಕಪಟ್ಟಿಗಳಲ್ಲಿ ಹೆಸರಿನ ಅಕ್ಷರ ಸರಿಯಿದೆಯೇ ನೋಡಿ. ಆಫೀಸಿನಿಂದ ನೇರ ಬಸ್ಸಿಗೆ ಓಡದೆ ಒಮ್ಮೆ ಸ್ಟಾಫ್ ರೂಮಿಗೆ ಹೋಗಿ, ಮುಂದೆ ಏನು ಮಾಡುತ್ತೀರಿ ಎಂದು ಹೇಳಿ. ಬಿಎಡ್ ಓದಬೇಕು ಎಂದು ನಾನು ಹೇಳಿದಾಗ ಸಿಸ್ಟರ್ ಡ್ರಾಯರ್ ತೆರೆದು ಒಂದು ಹಾಳೆ ತೆಗೆದರು. ಆ ಮೊದಲ ಊಟದ ನಾಲ್ಕು ಸಾಲು, ಮೂರು ಕೆಂಪು ಗೆರೆ. ಈಗ ಅದು ನನ್ನ ಸ್ಟಾಫ್ ರೂಮಿನ ಮೇಜಿನ ಗಾಜಿನ ಕೆಳಗಿದೆ.